ಬಂದವರು ಮತ್ತು ಬರಮಾಡಿಕೊಂಡವರು

ಹಾಸನದಿಂದ ಅರಸೀಕೆರೆಯ ದಿಕ್ಕಿಗೆ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ಸಿಕ್ಕುವ ಕೊರವಂಗಲದಲ್ಲಿ, ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿರಾಜನೆಂಬ ರಾಜಾಧಿಕಾರಿ ಕಟ್ಟಿಸಿದ ಬೂಚೇಶ್ವರ ದೇಗುಲವುಂಟು. ಬೇಲೂರು ಹಳೇಬೀಡುಗಳನ್ನು ನೋಡಿಯೂ ತಣಿಯದ ಅನ್ಯದೇಶದ ಯಾತ್ರಿಕರು ಒಮ್ಮೊಮ್ಮೆ ಇಲ್ಲಿಗೂ ಬರುತ್ತಾರೆ. ಭಿತ್ತಿಯ ಶಿಲ್ಪಗಳನ್ನು ಸುತ್ತಿ ನೋಡಿ, ಚಿತ್ರ ತೆಗೆದುಕೊಂಡು, ಬಿಸಿಲೇರುವುದರೊಳಗೆ ಕಾರು ಹತ್ತುತ್ತಾರೆ. ಹಾಸನದ ಸೀಮೆಯ ಹಳ್ಳಿಗರಿಗೆ ವಿದೇಶೀಯರೆಂದರೆ ಬಹುಮಟ್ಟಿಗೆ ಇವರೇ. ಆದರೆ ದೇಗುಲವನ್ನಲ್ಲ, ಅದರ ಸುತ್ತಣ ಮನೆಗಳನ್ನೇ ಲಕ್ಷ್ಯದಲ್ಲಿಟ್ಟುಕೊಂಡು, ಸಂಬಳದ ಆಸೆಯಿಲ್ಲದೆ ಒಂದೆರಡು ವರ್ಷ ನಿಂತು, ಬಡತನವನ್ನೂ ಸಮಾಜವು ಕೆಲವರನ್ನು ಹೊರಗಿಡುವ ಕ್ರೌರ್ಯವನ್ನೂ ಕಿಂಚಿತ್ತಾದರೂ ತಗ್ಗಿಸಬೇಕೆಂದು ಹೊರಡುವ ಮತ್ತೊಂದು ಬಗೆಯ ತರುಣ ತರುಣಿಯರು ಜಗತ್ತಿನಲ್ಲಿದ್ದಾರೆ. ಅವರಲ್ಲಿ ಕೆಲವರು ಕನ್ನಡನಾಡಿಗೂ ಬಂದಿದ್ದಾರೆ, ಬರುತ್ತಲೂ ಇದ್ದಾರೆ.

ಇದಕ್ಕೆ ಹಳೆಯ ಪೂರ್ವಪೀಠಿಕೆಯೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂವರಾಗಲಿ, ಎರಡು ವರ್ಷಗಳ ಅನಂತರ ಬಂದ ಮೋಗ್ಲಿಂಗನಾಗಲಿ, 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದ ಕಿಟ್ಟೆಲನಾಗಲಿ ಮತಪ್ರಚಾರಕ್ಕೆಂದೇ ಬಂದವರು. ಅವರನ್ನು ಸ್ವಯಂಸೇವಕರೆಂದು ಕರೆದರೆ ಚರಿತ್ರೆಗೆ ಅಪಚಾರವಾದೀತು. ಆದರೂ ಮತಾಂತರಗೊಂಡವರು ಜಾತಿಯಿಂದ ಹೊರಬಿದ್ದು, ಗೇಣಿಯ ನೆಲವನ್ನೂ ಕುಲಕಸುಬನ್ನೂ ಕಳೆದುಕೊಂಡು ನಿಂತಾಗ, ಅವರ ಹೊಟ್ಟೆಪಾಡಿಗಾಗಿ ಮಿಷನ್ನಿನವರು ಮಗ್ಗ ಹೂಡಬೇಕಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಬೇಕಾಯಿತು. ಬಹಿಷ್ಕಾರವನ್ನು ಅನುಕಂಪದಿಂದಷ್ಟೇ ನೀಗಲಾಗದು, ಅದಕ್ಕೆ ದಿನಗೂಲಿಯೂ ಬೇಕೆಂಬ ಸತ್ಯ ಅವರಿಗೆ ಅನಿವಾರ್ಯವಾಗಿಯೇ ತಿಳಿಯಿತೆನ್ನಬೇಕು. ಮಲೆನಾಡಿನ ಅಂಚಿನವರೆಗೂ ಮನೆಮನೆಯ ಮೇಲೆ ಕುಳಿತ ಮಂಗಳೂರು ಹಂಚು ಈ ಅನಿವಾರ್ಯತೆಯ ಫಲ. ಹಾಸನದವರು ಇಂದಿಗೂ ಹೆರಿಗೆಗೆ ನೆನೆಯುವ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯ ಮೂಲವೂ ಇಂಥದೇ ಒಂದು ಮಿಷನ್ನಿನ ಸೇವೆಯಲ್ಲಿದೆ.

ಮತದ ಹಂಗಿಲ್ಲದ ಸೇವೆಯ ಕಥೆ ಮೊದಲನೆಯ ಮಹಾಯುದ್ಧದ ತರುವಾಯ ಆರಂಭವಾಗುತ್ತದೆ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಶಾಂತಿವಾದಿ 1920ರಲ್ಲಿ ಫ್ರಾನ್ಸಿನ ವೆರ್ಡನ್ ಸಮೀಪದ ಎಸ್ನ್ ಎಂಬ ಧ್ವಂಸಗೊಂಡ ಹಳ್ಳಿಗೆ ಒಂದು ಸಣ್ಣ ತಂಡದೊಡನೆ ಹೋಗಿ, ಮನೆಗಳನ್ನೆತ್ತಿ ನಿಲ್ಲಿಸುವ ಕೆಲಸಕ್ಕೆ ತೊಡಗಿದನು. ಅವರಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ತೋಪು ಹಾರಿಸಿದ ನಾಡಿನವರು ಇಂದು ಗಾರೆ ಕಲಸಲು ಬಂದರೆ ಒಪ್ಪಿಕೊಳ್ಳುವಷ್ಟು ಗಾಯ ಇನ್ನೂ ಮಾಗಿರಲಿಲ್ಲ. ಸ್ಥಳೀಯ ಅಧಿಕಾರಿಗಳ ವಿರೋಧದಿಂದ ಕೆಲವೇ ತಿಂಗಳಲ್ಲಿ ಶಿಬಿರ ಮುಗಿಯಿತು. ನನಗೆ ಈ ಸೋಲು ಅನೇಕ ಗೆಲುವುಗಳಿಗಿಂತ ಹೆಚ್ಚು ಬೋಧಪ್ರದವಾಗಿ ತೋರುತ್ತದೆ. ಬಂದವನ ಸದುದ್ದೇಶ ಎಷ್ಟೇ ನಿರ್ಮಲವಾಗಿರಲಿ, ಬರಮಾಡಿಕೊಳ್ಳುವವರ ಸಮ್ಮತಿಯೂ ವಿವೇಕವೂ ಕೂಡಿಬಾರದಿದ್ದರೆ ಸೇವೆ ಸಾಗದು. 1934ರ ಜನವರಿಯಲ್ಲಿ ಬಿಹಾರ ಭೂಕಂಪಕ್ಕೆ ಸಿಕ್ಕಿ ನಲುಗಿದಾಗ ಅದೇ ಸೆರೆಸೋಲ್, ಐವತ್ತು ದಾಟಿದವನು, ಬೆರಳೆಣಿಕೆಯ ಸಂಗಡಿಗರೊಡನೆ ಬಂದು, ಕಂಪದ ಬಳಿಕ ನೆರೆಗೆ ಈಡಾದ ಗ್ರಾಮಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಕಟ್ಟುವ ಕಾರ್ಯದಲ್ಲಿ ಮಣ್ಣು ಹೊತ್ತನು. ಇಲ್ಲಿ ಕೆಲಸ ನಡೆಯಿತು. ಏಕೆಂದರೆ ಅದು ಊರವರಿಗೆ ಬೇಕಾದ ಕೆಲಸವಾಗಿತ್ತು.

ನಮ್ಮ ಹಿರಿಯರಿಗೆ ಹೆಚ್ಚು ಪರಿಚಿತವಾದದ್ದು ಅಮೆರಿಕದ ಪೀಸ್ ಕೋರ್. ಅಧ್ಯಕ್ಷ ಕೆನೆಡಿ 1961ರ ಮಾರ್ಚಿನಲ್ಲಿ ಸ್ಥಾಪಿಸಿದ ಈ ಶಾಂತಿದಳದಿಂದ ಭಾರತಕ್ಕೆ ಬಂದ ಮೊದಲ ತಂಡ ಆ ವರ್ಷದ ಕೊನೆಗೆ ಪಂಜಾಬನ್ನು ತಲುಪಿತು; ಆಮೇಲೆ 1976ರಲ್ಲಿ ಈ ದೇಶದಿಂದ ಹಿಂದೆಗೆಯುವವರೆಗೆ ಒಟ್ಟು ನಾಲ್ಕು ಸಾವಿರಕ್ಕೂ ಮಿಕ್ಕಿದ ಜನ ಬಂದುಹೋದರು, ಅಂದಿನ ಮೈಸೂರು ರಾಜ್ಯಕ್ಕೂ ಬಂದರು. ಬಹುಪಾಲು ಕಾಲೇಜು ಮುಗಿಸಿದ ಹುಡುಗ ಹುಡುಗಿಯರೇ ಆದರೂ ವಯಸ್ಸಿಗೆ ಮೇಲ್ಮಿತಿಯೇನೂ ಇರಲಿಲ್ಲ. ಮುಂದೆ ಅಧ್ಯಕ್ಷನಾದ ಜಿಮ್ಮಿ ಕಾರ್ಟರನ ತಾಯಿ ಲಿಲಿಯನ್ ಅರವತ್ತೆಂಟರಲ್ಲಿ ಮುಂಬಯಿಯ ವಿಕ್ರೋಲಿಗೆ ದಾದಿಯಾಗಿ ಬಂದದ್ದುಂಟು.

ಶಾಂತಿದಳದವರು ಹಳ್ಳಿಗಳಲ್ಲಿ ಹಿಡಿದ ಕೆಲಸಗಳಲ್ಲಿ ಕೋಳಿಸಾಕಣೆ ಪ್ರಮುಖವಾದದ್ದು. ಸೀಮೆಕೋಳಿಯೆಂದು ಹಳ್ಳಿಯವರು ಕರೆದ ಬಿಳಿಯ ಲೆಗ್‌ಹಾರ್ನ್ ತಳಿ ನಾಟಿ ಕೋಳಿಯ ಹಲವು ಪಟ್ಟು ಮೊಟ್ಟೆಯಿಡುವುದು ನಿಜ. ಆದರೆ ನಾಟಿ ಕೋಳಿ ಹಿತ್ತಲಲ್ಲಿ ಕೆದಕಿ ಹುಳು ಹೆಕ್ಕಿ, ಒನಕೆಯಿಂದ ಸಿಡಿದ ರಾಗಿ ತಿಂದು, ರಾತ್ರಿ ಕುಕ್ಕೆಯ ಕೆಳಗೆ ಮಲಗುವ ಪ್ರಾಣಿ. ಅದಕ್ಕೆ ಖರ್ಚೆಂಬುದೇ ಇಲ್ಲ. ಸೀಮೆಕೋಳಿಗೆ ಗಾಳಿ ಬೆಳಕಿನ ಕೊಟ್ಟಿಗೆ ಬೇಕು, ನೆಲಕ್ಕೆ ಭತ್ತದ ಹೊಟ್ಟಿನ ಹಾಸು ಬೇಕು, ಜೋಳ, ಕಡಲೆಕಾಯಿ ಹಿಂಡಿ, ಮೀನುಪುಡಿ ಬೆರೆಸಿದ ಮೇವು ಬೇಕು, ಕೊಕ್ಕರೆ ರೋಗಕ್ಕೆ ಕಾಲಕಾಲಕ್ಕೆ ಚುಚ್ಚುಮದ್ದು ಬೇಕು, ಮೊಟ್ಟೆ ಒಡೆಯದಂತೆ ಪೇಟೆ ಮುಟ್ಟಿಸುವ ಏರ್ಪಾಡು ಬೇಕು. ಇಷ್ಟಕ್ಕೂ ಮೊದಲು ಹಣ ಹೂಡಬಲ್ಲವಳು ತುಂಡು ಭೂಮಿಯೂ ಇಲ್ಲದ ಕೂಲಿಯವಳಲ್ಲ. ಹಬ್ಬಕ್ಕೋ ಕಾಯಿಲೆಗೋ ಒಂದು ಹುಂಜ ಮಾರಿ ಕೈಯಲ್ಲಿ ನಾಲ್ಕು ಕಾಸು ಕಾಣುತ್ತಿದ್ದವಳು ಅವಳೇ. ಹೊಸ ತಳಿಯ ಲಾಭ ಹೋದದ್ದು ಜಮೀನುಳ್ಳವನ ಕೊಟ್ಟಿಗೆಗೆ. ಯೋಜನೆ ಕೆಟ್ಟದ್ದೆಂದು ಹೇಳಲಾರೆ; ಇಂದು ದೇಶದಲ್ಲಿ ಮೊಟ್ಟೆ ಅಗ್ಗವಾಗಿ ದೊರೆಯುವುದಕ್ಕೆ ಈ ಬಗೆಯ ಸಾಕಣೆಯೇ ಕಾರಣ. ಬಡವರಿಗೆ ಮೊಟ್ಟೆ ಮುಟ್ಟಿಸುವುದು ಬೇರೆ, ಬಡವರಿಗೆ ಆದಾಯ ಮುಟ್ಟಿಸುವುದು ಬೇರೆ ಎಂಬ ಭೇದವನ್ನು ಇಪ್ಪತ್ತೆರಡರ ಅಮೆರಿಕನ್ ಹುಡುಗ ಕಾಣಲಾರ. ಅವನಿಗೆ ಕೆಲಸ ಹಚ್ಚಿಕೊಟ್ಟವರು ಕಾಣಬೇಕಿತ್ತು.

ಹೊರಗಿಡುವ ವಿಷಯದಲ್ಲಂತೂ ಹೊರಗಿನವನ ಸ್ಥಿತಿ ವಿಚಿತ್ರವಾದದ್ದು. ಊರಿನ ಯಾವ ಓಣಿಗೆ ಕಾಲಿಡಬಾರದು, ಯಾರ ಮನೆಯ ಹೊಸ್ತಿಲು ದಾಟಬಾರದು, ಯಾವ ಲೋಟದಲ್ಲಿ ನೀರು ಕುಡಿಯಬಾರದು ಎಂಬುದನ್ನು ಅವನಿಗೆ ತೊಟ್ಟಿಲಲ್ಲಿ ಯಾರೂ ಕಲಿಸಿಲ್ಲವಾಗಿ, ಅವನು ನಿರಾತಂಕವಾಗಿ ಹೊಲಗೇರಿಗೆ ಹೋಗಿ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು ಬರಬಲ್ಲನು. ಊರ ಗೌಡರ ಮನೆಯವರೂ ಬಿಳಿಯನೆಂದು ಅದನ್ನು ಮನ್ನಿಸಿಯಾರು. ಇದು ಅವನ ಬಲ. ಆದರೆ ಅದೇ ಕೇರಿಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಗೌಡರ ನಡುಮನೆಗೆ ಬಂದನೆಂದರೆ, ಆಗ ಉಂಟಾಗುವ ಮೌನ ಅವನಿಗೆ ಅರ್ಥವಾಗದು. ಅದರ ಪರಿಣಾಮ ಅನುಭವಿಸತಕ್ಕವನು ಆ ಹುಡುಗ, ಅದೂ ಇವನು ವಿಮಾನ ಹತ್ತಿದ ಮೇಲೆ. ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತರಿಗಾಗಿ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತರು. ಅವರಿಗೆ ಹತ್ತಿಹೋಗಲು ವಿಮಾನವಿರಲಿಲ್ಲ.

ಹಾಗಾದರೆ ಬಂದ ತರುಣರಿಗೆ ಯುಕ್ತವಾದ ಕೆಲಸವೇ ಇಲ್ಲವೆ? ಉಂಟು, ಹೆಗ್ಗಡದೇವನಕೋಟೆಯತ್ತ ನೋಡಬಹುದು. ಕಬಿನಿ ಜಲಾಶಯಕ್ಕೂ ಬಂಡೀಪುರದ ಹುಲಿ ಯೋಜನೆಗೂ ಕಾಡನ್ನು ಬಿಟ್ಟುಕೊಟ್ಟ ಜೇನುಕುರುಬರ, ಕಾಡುಕುರುಬರ ಹಾಡಿಗಳಲ್ಲಿ, ಮೈಸೂರಿನ ವೈದ್ಯವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ 1984ರಲ್ಲಿ ಗೆಳೆಯರೊಡನೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಚಿಕಿತ್ಸಾಲಯವನ್ನು ತೆರೆಯಿತು, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನು ನಡೆಸಿತು, ಸರಗೂರಿನಲ್ಲಿ ಆಸ್ಪತ್ರೆಯನ್ನು ಕಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಬಂದು ಕಲಿತದ್ದುಂಟು. ಇಲ್ಲಿ ಗಮನಿಸತಕ್ಕದ್ದೆಂದರೆ, ಅವರು ಬರುವ ಮುನ್ನವೂ ಕೆಲಸವಿತ್ತು, ಹೋದ ಮೇಲೂ ಇರುತ್ತದೆ. ರೋಗಿಯ ನಾಡಿ ಹಿಡಿಯುವವರು ಕನ್ನಡ ಬಲ್ಲ ಸ್ಥಳೀಯರು. ಬಂದವರು ಲೆಕ್ಕಾಚಾರಕ್ಕೆ, ವರದಿಗೆ, ಸಮೀಕ್ಷೆಯ ಹಾಳೆಗಳನ್ನು ಓರಣಗೊಳಿಸುವುದಕ್ಕೆ ಒದಗಿದರೆ ಅದೇ ಸಾರ್ಥಕ. ಊರಿನಲ್ಲಿ ಹೆಸರು ತರುವಂಥ ಕೆಲಸ ಇದಲ್ಲ, ನಿಜ.

ಇದಕ್ಕೆ ವಿರುದ್ಧವಾಗಿ, ಹಣ ತೆತ್ತು ಎರಡು ವಾರ ಅನಾಥಾಲಯದ ಮಕ್ಕಳೊಡನೆ ಆಡಿಹೋಗುವ ‘ಸೇವಾಪ್ರವಾಸ’ದ ವ್ಯಾಪಾರ ನೇಪಾಳ, ಕಾಂಬೋಡಿಯಗಳಲ್ಲಿ ಮಾಡಿದ ಹಾನಿ ಅಲ್ಪವಲ್ಲ: ಪ್ರವಾಸಿಗಳು ಬೇಕೆಂದು, ತಂದೆತಾಯಿಯಿರುವ ಮಕ್ಕಳನ್ನೂ ತಂದು ಅನಾಥರೆಂದು ಕೂಡಿಹಾಕಿದ ನಿದರ್ಶನಗಳು ಹೊರಬಿದ್ದಿವೆ. ಇದರ ಬಗ್ಗೆ ಇನ್ನು ಹೇಳಲು ಮನಸ್ಸಿಲ್ಲ.

ಹರಿವು ಒಂದೇ ದಿಕ್ಕಿನದೆಂದು ಭಾವಿಸಬಾರದು. ಕನ್ನಡಿಗರೂ ವಾಸವಾಗಿರುವ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಇಪ್ಪತ್ತೆಂಟರೊಳಗಿನ ವೈದ್ಯನಾಗಿ, ಕಾಂಗ್ರೆಸ್ ಕಳುಹಿಸಿದ ಐವರ ತಂಡದಲ್ಲಿ ಚೀನಕ್ಕೆ ಹೋಗಿ, ಅಲ್ಲಿಯ ಭಾಷೆ ಕಲಿತು, ಯುದ್ಧದ ಗಾಯಾಳುಗಳ ಶುಶ್ರೂಷೆಯಲ್ಲಿಯೇ 1942ರ ಡಿಸೆಂಬರಿನಲ್ಲಿ ತೀರಿಕೊಂಡನು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ನೆಲೆಸಿದ ಹಕ್ಕಿಪಿಕ್ಕಿ ಜನಾಂಗದವರು ಯಾವ ಸೇವಾಸಂಸ್ಥೆಯ ನೆರವಿಗೂ ಕಾಯದೆ, ಗಿಡಮೂಲಿಕೆಯ ಎಣ್ಣೆಯ ಸೀಸೆಗಳನ್ನು ಹೊತ್ತು ಆಫ್ರಿಕದ ಪೇಟೆಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ಓದಿದ ಪಟ್ಟಣಿಗರು, ಇವರು ಅಲ್ಲಿಗೆ ಹೋದದ್ದಾದರೂ ಹೇಗೆಂದು ಬೆರಗಾದರು. ನಮ್ಮ ಸಮಾಜ ಹೊರಗಿಟ್ಟವರು ಲೋಕವನ್ನು ನಮಗಿಂತ ಮೊದಲೇ ಸುತ್ತಿದ್ದರು.

ಸೇವೆಗೂ ಈ ಎರಡನೆಯ ದಿಕ್ಕು ತೆರೆದುಕೊಂಡಿದೆ. 2008ರಲ್ಲಿ ಜರ್ಮನ್ ಸರ್ಕಾರ ಆರಂಭಿಸಿದ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆಯಲ್ಲಿ ಹದಿನೆಂಟರಿಂದ ಇಪ್ಪತ್ತೆಂಟರವರೆಗಿನ ಜರ್ಮನ್ ತರುಣರು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹೋಗುತ್ತಾರೆ. ಕೆಲವು ವರ್ಷಗಳ ಬಳಿಕ ಅದಕ್ಕೊಂದು ಪ್ರತಿಮುಖವೂ ಸೇರಿಕೊಂಡು, ನಮ್ಮಂಥ ದೇಶಗಳ ಯುವಕ ಯುವತಿಯರು ಜರ್ಮನಿಗೆ ಹೋಗಿ, ಅಂಗವಿಕಲರ ವಸತಿಗಳಲ್ಲಿ, ಶಿಶುವಿಹಾರಗಳಲ್ಲಿ, ವೃದ್ಧರ ಮನೆಗಳಲ್ಲಿ ವರ್ಷದಷ್ಟು ಕಾಲ ಸೇವೆ ಸಲ್ಲಿಸುವ ಅವಕಾಶ ದೊರೆತಿದೆ. ಅಲ್ಲಿಂದ ಬರುವವರಿಗೆ ಹೋಲಿಸಿದರೆ ಇಲ್ಲಿಂದ ಹೋಗುವವರು ತೀರ ಕಡಿಮೆ. ಹೊಳೆನರಸೀಪುರದ ರೈತನ ಮಗಳೊಬ್ಬಳು ಹೋಗಬಯಸಿದರೆ ಮೊದಲು ಜರ್ಮನ್ ಭಾಷೆಯ ಆರಂಭದ ಪಾಠಕ್ಕೆ ಬೆಂಗಳೂರಿಗೆ ಬರಬೇಕು, ಪಾಸ್‌ಪೋರ್ಟು ವೀಸಾಗಳಿಗೆ ಅಲೆಯಬೇಕು, ಸಂಬಳವಿಲ್ಲದ ಕೆಲಸಕ್ಕೆ ಸಮುದ್ರ ದಾಟುವುದೇಕೆಂದು ಕೇಳುವ ಅಜ್ಜಿಯನ್ನು ಒಪ್ಪಿಸಬೇಕು. ಹೋದ ಮೇಲೆ ಅಲ್ಲಿಯ ವೃದ್ಧರ ಮನೆಯ ಮೇಲ್ವಿಚಾರಕರು ಆಕೆಯನ್ನು ಬರಿಯ ಅಗ್ಗದ ಕೆಲಸದಾಳಾಗಿ ಕಾಣುವರೋ, ಕಲಿಯಲೂ ಕಲಿಸಲೂ ಬಂದವಳಾಗಿ ಕಾಣುವರೋ ಎಂಬ ಪ್ರಶ್ನೆ ಈಗ ಜರ್ಮನರದು.