ಎರಡು ಸೆಕೆಂಡಿನ ಮಿಂಚು ಹೇಳುವ ಕತೆ



ನಕ್ಷತ್ರದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಕೇಳೇ ಕೇಳ್ತಾರೆ: “ಅಷ್ಟು ದೂರ ಯಾರು ಹೋಗಿ ನೋಡ್ಕೊಂಡು ಬಂದೋರು? ಎಲ್ಲಾ ಸುಮ್ನೆ ಹೇಳೋದು!” ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ನೋಡದೇ ಇದ್ದದ್ದನ್ನು ನಂಬುವುದಾದರೆ ವಿಜ್ಞಾನಕ್ಕೂ ಕಟ್ಟುಕತೆಗೂ ಏನು ವ್ಯತ್ಯಾಸ? ಇದಕ್ಕೆ ಉತ್ತರ ಹೇಳಲು ನಾನು ಗಾಮಾ ಕಿರಣ ಸ್ಫೋಟ ಎಂಬ ವಿಷಯ ಆರಿಸಿಕೊಂಡಿದ್ದೇನೆ. ಯಾಕೆಂದರೆ ಅದರ ಹತ್ತಿರ ಯಾರೂ ಹೋಗಿಲ್ಲ, ಹೋಗುವುದಕ್ಕೆ ಆಗುವುದೂ ಇಲ್ಲ. ಮೊದಲ ಮೂವತ್ತು ವರ್ಷ ಅದರ ಬಗ್ಗೆ ನಮಗೆ ಸಿಕ್ಕಿದ್ದು ಕೆಲವು ಸೆಕೆಂಡಿನ ಮಿಂಚು ಮಾತ್ರ.

ಗಾಮಾ ಕಿರಣ ಎಂದರೇನು?

ಅದೂ ಒಂದು ಬಗೆಯ ಬೆಳಕೇ. ರೇಡಿಯೋ ಅಲೆ, ಕಣ್ಣಿಗೆ ಕಾಣುವ ಬೆಳಕು, ಎಕ್ಸ್-ಕಿರಣ, ಗಾಮಾ ಕಿರಣ ಎಲ್ಲವೂ ಒಂದೇ ಮನೆತನದವು. ಇವುಗಳಲ್ಲಿ ಗಾಮಾ ಕಿರಣಕ್ಕೆ ಶಕ್ತಿ ಅತಿ ಹೆಚ್ಚು. ನಮ್ಮ ಪುಣ್ಯಕ್ಕೆ ಆಕಾಶದಿಂದ ಬರುವ ಗಾಮಾ ಕಿರಣಗಳನ್ನು ವಾಯುಮಂಡಲ ಮೇಲೆಯೇ ತಡೆಯುತ್ತದೆ. ಅದಕ್ಕೇ ಅವನ್ನು ಹಿಡಿಯಲು ಉಪಗ್ರಹ ಬೇಕು.

ಬಾಂಬು ಹುಡುಕಲು ಹೋಗಿ ಸಿಕ್ಕಿದ್ದು

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದ ಮಾಡಿಕೊಂಡವು: ಗಾಳಿಯಲ್ಲಿ, ನೀರಿನೊಳಗೆ, ಅಂತರಿಕ್ಷದಲ್ಲಿ ಅಣುಬಾಂಬಿನ ಪರೀಕ್ಷೆ ಮಾಡಕೂಡದು ಅಂತ. ಕದ್ದು ಮಾಡಿದರೆ? ಕಾವಲಿಗೆ ಅಮೆರಿಕ ‘ವೇಲಾ’ ಎಂಬ ಉಪಗ್ರಹಗಳನ್ನು ಒಂದು ಲಕ್ಷ ಕಿಲೋಮೀಟರಿಗೂ ಮೇಲೆ ಹಾರಿಸಿತು. ಬಾಂಬು ಸಿಡಿದರೆ ಗಾಮಾ ಕಿರಣ ಹೊರಡುತ್ತದೆ, ಅದನ್ನು ಇವು ಹಿಡಿಯಬೇಕು.

1967ರ ಜುಲೈ 2ರಂದು ಒಂದು ಮಿಂಚು ಸಿಕ್ಕೇಬಿಟ್ಟಿತು! ಆ ಕಾಲದಲ್ಲಿ ಅವಸರಪಟ್ಟು “ಅವರೇ ಬಾಂಬು ಸಿಡಿಸಿದ್ದು” ಅಂದುಬಿಟ್ಟಿದ್ದರೆ ಏನು ಅನಾಹುತ ಆಗುತ್ತಿತ್ತೋ. ವಿಜ್ಞಾನಿಗಳು ಹಾಗೆ ಮಾಡಲಿಲ್ಲ. ಬೆಳಕು ಹೇಗೆ ಏರಿತು, ಹೇಗೆ ಇಳಿಯಿತು ಅಂತ ನೋಡಿದರು. ಬಾಂಬಿನ ಬೆಳಕಿನ ಹಾಗೆ ಅದು ಇರಲಿಲ್ಲ. ಆಮೇಲೆ ಇನ್ನೂ ಒಳ್ಳೆಯ ಉಪಗ್ರಹಗಳು ಬಂದವು. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಒಂದು ಉಪಗ್ರಹ 30,000 ಕಿ.ಮೀ. ಹಿಂದೆ ಇದ್ದರೆ ಅದಕ್ಕೆ ಮಿಂಚು 0.1 ಸೆಕೆಂಡು ತಡವಾಗಿ ಮುಟ್ಟುತ್ತದೆ. ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಲೆಕ್ಕ ಹಾಕಿದರೆ ದಿಕ್ಕು ಗೊತ್ತಾಗುತ್ತದೆ. ಹೀಗೆ ನೋಡಿದಾಗ ಮಿಂಚು ಬಂದದ್ದು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ. 1969ರಿಂದ 1972ರವರೆಗೆ ಸಿಕ್ಕ 16 ಸ್ಫೋಟಗಳ ವಿವರವನ್ನು 1973ರಲ್ಲಿ ಪ್ರಕಟಿಸಿದರು.

ತಮಟೆಯ ಲೆಕ್ಕ

ಈಗ ನನಗೆ ಬಹಳ ಹಿಡಿಸಿದ ಭಾಗ. ಮಿಂಚಿದ ವಸ್ತು ಎಷ್ಟು ದೊಡ್ಡದು ಅಂತ ಹೋಗಿ ಅಳೆಯದೆ ಹೇಗೆ ಹೇಳುವುದು?

ಜಾತ್ರೆಯಲ್ಲಿ ಹತ್ತು ಜನ ತಮಟೆಯವರು ಒಂದೇ ಕಡೆ ನಿಂತು ಒಂದೇ ಏಟು ಹೊಡೆದರೆ ನಮಗೆ “ಢಂ” ಅಂತ ಒಂದೇ ಸದ್ದು. ಅವರೇ ಒಂದು ಕಿಲೋಮೀಟರ್ ಉದ್ದ ಸಾಲಾಗಿ ನಿಂತು ಒಂದೇ ಕ್ಷಣಕ್ಕೆ ಹೊಡೆಯಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸಾಲಿನ ಈ ತುದಿಯಲ್ಲಿ ನಿಂತವನಿಗೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಕೇಳಿ, ಸದ್ದು ಸುಮಾರು 3 ಸೆಕೆಂಡು ಎಳೆಯುತ್ತದೆ. ಅಂದಮೇಲೆ ಕಣ್ಣು ಮುಚ್ಚಿಕೊಂಡಿದ್ದರೂ ಹೇಳಬಹುದು: ಚುರುಕಾದ ಸದ್ದು ಬಂದರೆ ಹೊಡೆದವರು ಒತ್ತಾಗಿ ನಿಂತಿದ್ದಾರೆ.

ಬೆಳಕಿಗೂ ಇದೇ ಲೆಕ್ಕ. ಕೆಲವು ಗಾಮಾ ಸ್ಫೋಟಗಳ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದಲ್ಲೇ ಏರಿ ಇಳಿಯುತ್ತದೆ. ಅಷ್ಟರಲ್ಲಿ ಬೆಳಕು ಹೋಗುವುದು 300 ಕಿ.ಮೀ. ಆದ್ದರಿಂದ ಸ್ಫೋಟ ಹೊತ್ತಿಸಿದ ವಸ್ತು ಹೆಚ್ಚೆಂದರೆ ಬೆಂಗಳೂರಿನಿಂದ ಚೆನ್ನೈಗೆ ಇರುವಷ್ಟು ಅಗಲ! ಆದರೆ ಅದು ಕೊಡುವ ಶಕ್ತಿ, ಸೂರ್ಯ ತನ್ನ ಇಡೀ ಆಯುಸ್ಸಿನಲ್ಲಿ ಕೊಡುವಷ್ಟು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಶಕ್ತಿ ಇರಬೇಕಾದರೆ ಅದು ಕಪ್ಪುಕುಳಿ ಅಥವಾ ನ್ಯೂಟ್ರಾನ್ ನಕ್ಷತ್ರವೇ ಇರಬೇಕು.

ಇನ್ನೊಂದು ತೊಡಕಿತ್ತು. ಅಷ್ಟು ಒತ್ತಾಗಿ ತುಂಬಿದ ಗಾಮಾ ಕಿರಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕಣಗಳಾಗಿಬಿಡುತ್ತವೆ, ಹೊರಗೆ ಬರಲಾರವು. ಆದರೂ ನಮಗೆ ಬರುತ್ತಿವೆಯಲ್ಲ? ಕಾರಣ ಇದು: ಸ್ಫೋಟದ ವಸ್ತು ಪಿಚಕಾರಿಯ ನೀರಿನಂತೆ ಕಿರಿದಾದ ಧಾರೆಯಾಗಿ, ಬೆಳಕಿನ ವೇಗದ ಶೇಕಡಾ 99.99ಕ್ಕೂ ಹೆಚ್ಚು ವೇಗದಲ್ಲಿ ನುಗ್ಗುತ್ತದೆ. ಕುಳಿಯಿಂದ ಬಹಳ ದೂರ ಬಂದ ಮೇಲೆ ಆ ಧಾರೆ ಬೆಳಗುತ್ತದೆ. ಟಾರ್ಚಿನ ಹಾಗೆ, ನಮ್ಮ ಕಡೆ ತಿರುಗಿದ ಧಾರೆ ಮಾತ್ರ ನಮಗೆ ಕಾಣುವುದು.

ದೂರ ಗೊತ್ತಾದ ಬಗೆ

ಮಿಂಚು ಆರಿದ ಮೇಲೂ ಕೆಂಡದ ಹಾಗೆ ಒಂದು ಮಂಕು ಬೆಳಕು ದಿನಗಟ್ಟಲೆ ಉಳಿಯುತ್ತದೆ. 1997ರ ಫೆಬ್ರವರಿ 28ರಂದು ‘ಬೆಪ್ಪೋಸ್ಯಾಕ್ಸ್’ ಎಂಬ ಉಪಗ್ರಹ ಇದನ್ನು ಮೊದಲು ಹಿಡಿಯಿತು. ಅದೇ ವರ್ಷ ಮೇ 8ರ ಸ್ಫೋಟದ ಉಳಿಕೆ ಬೆಳಕನ್ನು ಹವಾಯಿಯ ಕೆಕ್ ದೂರದರ್ಶಕದಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರು. ಕಬ್ಬಿಣ, ಮೆಗ್ನೀಸಿಯಂ ಧಾತುಗಳ ಗೆರೆಗಳು ಕೆಂಪಿನ ಕಡೆಗೆ ಸರಿದಿದ್ದವು. ದೂರ ಹೆಚ್ಚಿದಷ್ಟೂ ಈ ಸರಿತ ಹೆಚ್ಚು. ಲೆಕ್ಕ ಹಾಕಿದರೆ ಆ ಬೆಳಕು ಕಡಿಮೆ ಎಂದರೂ ಸುಮಾರು 700 ಕೋಟಿ ವರ್ಷ ಪ್ರಯಾಣ ಮಾಡಿತ್ತು!

ಎರಡು ಜಾತಿ

2 ಸೆಕೆಂಡಿಗಿಂತ ಹೆಚ್ಚು ಹೊತ್ತಿನವು ಸಾಮಾನ್ಯವಾಗಿ ದೈತ್ಯ ನಕ್ಷತ್ರ ಕುಸಿದು ಸತ್ತಾಗ ಬರುತ್ತವೆ. ಅದಕ್ಕಿಂತ ಕಡಿಮೆಯವು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ. 2017ರ ಆಗಸ್ಟ್ 17ರಂದು ಇದಕ್ಕೆ ಸಾಕ್ಷಿ ಸಿಕ್ಕಿತು. ಮೊದಲು ಗುರುತ್ವದ ಅಲೆ ಬಂತು, 1.7 ಸೆಕೆಂಡಿನ ನಂತರ ಗಾಮಾ ಮಿಂಚು. 13 ಕೋಟಿ ಜ್ಯೋತಿರ್ವರ್ಷ ಓಡಿ ಬಂದರೂ ಎರಡರ ಅಂತರ ಅಷ್ಟೇ! ಚಿನ್ನದಂಥ ಭಾರದ ಧಾತುಗಳು ಇಂಥ ಡಿಕ್ಕಿಯಲ್ಲಿ ಹುಟ್ಟುತ್ತವೆ ಎನ್ನುವುದಕ್ಕೂ ಅಂದೇ ಬಲವಾದ ಪುರಾವೆ ಸಿಕ್ಕಿತು. ನಮ್ಮ ಅಮ್ಮಂದಿರ ಮೂಗುಬಟ್ಟಿನ ಚಿನ್ನಕ್ಕೂ ಇಂಥ ಕತೆ ಇರಬಹುದು. ಆದರೆ 2 ಸೆಕೆಂಡಿನ ನಿಯಮವೇ ಕೊನೆಯಲ್ಲ. 2021ರ ಡಿಸೆಂಬರ್ 11ರ ಸ್ಫೋಟ ಬಹಳ ಹೊತ್ತು ಮಿಂಚಿದರೂ ಅದರ ಉಳಿಕೆ ಬೆಳಕು ಡಿಕ್ಕಿಯದರಂತೆ ಇತ್ತು. ಹೊಸ ಸಾಕ್ಷಿ ಬಂದಾಗ ನಿಯಮವನ್ನೇ ತಿದ್ದಬೇಕು. ಕಟ್ಟುಕತೆಗೂ ವಿಜ್ಞಾನಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮವರೂ ಇದ್ದಾರೆ

2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ‘ಆಸ್ಟ್ರೋಸ್ಯಾಟ್’ ಉಪಗ್ರಹ ಇಂಥ ನೂರಾರು ಸ್ಫೋಟಗಳನ್ನು ಹಿಡಿದಿದೆ. ಅದರ ಮಾಹಿತಿ ಇಳಿಯುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ. ಲಡಾಖಿನ ಹಾನ್ಲೆಯಲ್ಲಿರುವ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಲ್ಲಿ ಕುಳಿತು!

ನಮಗೆ ಅಪಾಯವೇ?

ನಮ್ಮ ಆಕಾಶಗಂಗೆಯಲ್ಲೇ ಹತ್ತಿರದಲ್ಲಿ ಆಗಿ, ಧಾರೆ ನೇರ ನಮ್ಮ ಕಡೆ ತಿರುಗಿದ್ದರೆ ಓಜೋನ್ ಪದರಕ್ಕೆ ಪೆಟ್ಟು ಬೀಳಬಹುದು. ಆದರೆ ಅದು ತೀರಾ ಅಪರೂಪ. ಸಿಗುವ ಸ್ಫೋಟಗಳೆಲ್ಲ ಸಾಮಾನ್ಯವಾಗಿ ನೂರಾರು ಕೋಟಿ ಜ್ಯೋತಿರ್ವರ್ಷ ಆಚೆಯವು. ಹೆದರಿಕೆ ಬೇಡ.

2008ರ ಮಾರ್ಚ್ 19ರಂದು ಸ್ವಾತಿ ನಕ್ಷತ್ರ ಇರುವ ಪುಂಜದಲ್ಲಿ ಒಂದು ಸ್ಫೋಟ ಆಯಿತು. ಅದರ ಬೆಳಕು ಹೊರಟಾಗ ಭೂಮಿ, ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಆದರೂ ಕತ್ತಲೆ ಇದ್ದ ಕಡೆ ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೇ ಕಾಣುವಷ್ಟು ಹೊಳೆಯಿತು. ನಮ್ಮಲ್ಲಿ ಆಗ ಹಗಲು 11 ಗಂಟೆ 42 ನಿಮಿಷ!

ಮಾಡಿ ನೋಡಿ

ತಮಟೆಯ ಲೆಕ್ಕವನ್ನು ಈ ಶನಿವಾರ ಶಾಲೆ ಬಿಟ್ಟ ಮೇಲೆ ಕೆರೆ ಏರಿಯ ಮೇಲೆ ಮಾಡೋಣ. 18 ಜನ ಬೇಕು, ಒಬ್ಬರಿಗೊಬ್ಬರು 20 ಮೀಟರ್ ದೂರ. ಬಾವುಟ ಇಳಿದ ಕೂಡಲೇ ಎಲ್ಲರೂ ಒಂದೇ ಏಟು. ಉಳಿದವರು ಒಂದು ತುದಿಯಲ್ಲಿ ಕಣ್ಣು ಮುಚ್ಚಿ ಕೇಳಬೇಕು. ಆಮೇಲೆ ಅದೇ 18 ಜನ ಗುಂಪಾಗಿ ನಿಂತು ಹೊಡೆಯುತ್ತಾರೆ. ಮನೆಯಿಂದ ಒಂದು ತಟ್ಟೆ, ಒಂದು ಸೌಟು ತನ್ನಿ. ಅಮ್ಮನ ಹತ್ತಿರ ಕೇಳಿಯೇ ತನ್ನಿ.

– ಒಂಬತ್ತನೇ ತರಗತಿ