ಕಿಗಾಲಿಯಲ್ಲಿ ರೇಡಿಯೊದ ಜಾಡು ಹಿಡಿದು

ರುವಾಂಡಾದ ರಾಜಧಾನಿ ಕಿಗಾಲಿಯನ್ನು ನೋಡಲು ಹೋದವರು ಮೊದಲು ಸಂಸತ್ ಭವನಕ್ಕೆ ಹೋಗಬೇಕು. ಕಿಮಿಹುರುರಾ ಗುಡ್ಡದ ಮೇಲಿರುವ ಈ ದೊಡ್ಡ ಕಟ್ಟಡದ ಗೋಡೆಗೆ 1994ರಲ್ಲಿ ಬಿದ್ದ ಶೆಲ್‌ಗಳ ತೂತುಗಳನ್ನು ಇನ್ನೂ ಮುಚ್ಚಿಲ್ಲ. ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಒಳಗೆ ಕಲಾಪ ನಡೆಯುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿ ಮಹಿಳೆಯರು ಕೂರುವ ಸಂಸತ್ತು ಇದು. ಅದೇ ಕಟ್ಟಡದ ಒಂದು ಭಾಗದಲ್ಲಿ, 1994ರಲ್ಲಿ ಉಗ್ರ ಹುಟುಗಳು ಟುಟ್ಸಿ ಜನರ ಮೇಲೆ ನಡೆಸಿದ ನರಮೇಧವನ್ನು ನಿಲ್ಲಿಸಿದ ಸೈನಿಕ ಕಾರ್ಯಾಚರಣೆಯ ಮ್ಯೂಸಿಯಂ ಇದೆ.

ಸಂಸತ್ತಿನೊಳಗೆ ಸೈನಿಕರ ಮ್ಯೂಸಿಯಂ ಏಕೆ ಬಂತು ಎಂಬುದಕ್ಕೆ ಒಂದು ಶಾಂತಿ ಒಪ್ಪಂದವೇ ಕಾರಣ. ಉಗಾಂಡದಲ್ಲಿ ನೆಲೆಸಿದ್ದ ಟುಟ್ಸಿ ನಿರಾಶ್ರಿತರ ಮಕ್ಕಳು ಕಟ್ಟಿದ ರುವಾಂಡಾ ದೇಶಭಕ್ತ ರಂಗ (ಆರ್‌ಪಿಎಫ್) 1990ರ ಅಕ್ಟೋಬರ್‌ನಲ್ಲಿ ಗಡಿ ದಾಟಿ ಬಂತು. ಸುಮಾರು ಮೂರು ವರ್ಷಗಳ ಯುದ್ಧದ ನಂತರ, 1993ರ ಆಗಸ್ಟ್ 4ರಂದು, ತಾಂಜಾನಿಯದ ಅರುಷಾದಲ್ಲಿ ಸರ್ಕಾರ ಮತ್ತು ಆರ್‌ಪಿಎಫ್ ಸಹಿ ಹಾಕಿದವು. ಅಧಿಕಾರ ಹಂಚಿಕೊಳ್ಳುವುದು, ಎರಡೂ ಸೇನೆಗಳನ್ನು ಒಂದು ಮಾಡುವುದು, ನಿರಾಶ್ರಿತರು ಮರಳುವುದು, ಎಲ್ಲವೂ ಅದರಲ್ಲಿತ್ತು. ಅದರಂತೆ ಆರ್‌ಪಿಎಫ್‌ನ 600 ಸೈನಿಕರು ಆ ವರ್ಷದ ಕೊನೆಯಲ್ಲಿ ಕಿಗಾಲಿಗೆ ಬಂದು ಇದೇ ಭವನದಲ್ಲಿ ಬೀಡುಬಿಟ್ಟರು. ಮೇಲ್ವಿಚಾರಣೆಗೆ ಕೆನಡಾದ ಜನರಲ್ ರೋಮಿಯೊ ಡಲೇರ್ ನೇತೃತ್ವದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು.

ಒಪ್ಪಂದದಲ್ಲಿ ಕುಂದು ಹುಡುಕುವುದು ಕಷ್ಟ. ಆದರೆ ಸಹಿ ಬೀಳುವ ಒಂದು ತಿಂಗಳ ಮೊದಲು, 1993ರ ಜುಲೈಯಲ್ಲಿ, ಇದೇ ಊರಿನಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಪ್ರಸಾರ ಆರಂಭಿಸಿತ್ತು. ಅದನ್ನು ಕಟ್ಟಿದವರು ಅಧ್ಯಕ್ಷ ಜುವೆನಾಲ್ ಹಬ್ಯಾರಿಮಾನ ಅವರ ಆಪ್ತ ವಲಯದ ಉಗ್ರ ಹುಟುವಾದಿಗಳು. ದುಡ್ಡು ಹಾಕಿದವರಲ್ಲಿ ಮುಖ್ಯನಾದವನು ಫೆಲಿಸಿಯನ್ ಕಬುಗಾ ಎಂಬ ಸಿರಿವಂತ ವ್ಯಾಪಾರಿ. ಸರ್ಕಾರಿ ರೇಡಿಯೊ ಗಂಭೀರವಾಗಿ ಸುದ್ದಿ ಓದುತ್ತಿದ್ದರೆ, ಇಲ್ಲಿ ಕಾಂಗೋದ ಹಾಡುಗಳು, ತಮಾಷೆ, ಕುಡಿಯುವ ಅಂಗಡಿಯ ಹರಟೆ, ಕೇಳುಗರ ಫೋನು. ಹೆಚ್ಚಿನದೆಲ್ಲ ಮನೆಮಾತಾದ ಕಿನ್ಯಾರುವಾಂಡದಲ್ಲಿ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಪ್ರದೇಶ ಸಮಾಚಾರದ ಹೊತ್ತಿಗೆ ಅಂಗಡಿ ಜಗುಲಿಯಲ್ಲಿ ಜನ ಸೇರುತ್ತಿದ್ದಂತೆ ಅಲ್ಲೂ ಗುಡ್ಡಗುಡ್ಡದಲ್ಲಿ ಜನ ಒಂದು ಸೆಟ್ಟಿನ ಸುತ್ತ ಸೇರುತ್ತಿದ್ದರು. ಹಾಡಿನ ನಡುವೆ ಟುಟ್ಸಿಗಳನ್ನು ಜಿರಲೆಗಳು ಎಂದು ಕರೆಯುವುದು ನಿತ್ಯದ ಮಾತಾಯಿತು. ಅರುಷಾದ ಒಪ್ಪಂದದಲ್ಲಿ ಏನಿದೆಯೆಂದು ಅದೇ ಜನಕ್ಕೆ ಅದೇ ಭಾಷೆಯಲ್ಲಿ ದಿನವೂ ಹೇಳುವ ವ್ಯವಸ್ಥೆಯನ್ನು ಯಾರೂ ಮಾಡಲಿಲ್ಲ. ಶಾಂತಿಪಾಲನಾ ಪಡೆಗೆ ತನ್ನದೇ ರೇಡಿಯೊ ಸಿಕ್ಕಿದ್ದು ನರಮೇಧ ಮುಗಿದ ಮೇಲೆ. ಸಂಧಾನಕಾರರು ಮಾಡಿದ ಅತಿ ದೊಡ್ಡ ತಪ್ಪು ಇದೇ ಎಂದು ನನಗನ್ನಿಸುತ್ತದೆ. ಸೈನಿಕರನ್ನು ಎಣಿಸಿದರು, ಮಂತ್ರಿಸ್ಥಾನಗಳನ್ನು ಎಣಿಸಿದರು. ಜನರ ಕಿವಿಗೆ ಬೀಳುತ್ತಿದ್ದ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಿಗಾಲಿಯ ಗುಡ್ಡಗಳನ್ನು ಹತ್ತಿ ಇಳಿಯಲು ಮೋಟೊ ಎನ್ನುವ ಬೈಕ್ ಟ್ಯಾಕ್ಸಿಗಳೇ ಅನುಕೂಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ, ಕೊಡದೆ ಗಾಡಿ ಎತ್ತುವುದಿಲ್ಲ. ರಸ್ತೆಗಳು ಗುಡಿಸಿಟ್ಟಂತಿವೆ. ನಗರದ ನಡುವಿನ ಕಿಯೊವುದ ಬಳಿ ಇಳಿದರೆ ಕ್ಯಾಂಪ್ ಕಿಗಾಲಿ ಸಿಗುತ್ತದೆ. ಒಂದು ಸಣ್ಣ ಕಟ್ಟಡ. ಗೋಡೆಯ ತುಂಬ ಗುಂಡು ಮತ್ತು ಗ್ರೆನೇಡಿನ ಗಾಯಗಳು. ಅಂಗಳದಲ್ಲಿ ಹತ್ತು ಕಲ್ಲಿನ ಕಂಬಗಳು. ಒಂದೊಂದೂ ಒಬ್ಬೊಬ್ಬ ಬೆಲ್ಜಿಯನ್ ಸೈನಿಕನಿಗೆ. ಕಂಬದ ಮೇಲೆ ಕೊರೆದ ಗೆರೆಗಳು ಅವರವರ ವಯಸ್ಸು ಹೇಳುತ್ತವೆ. ಎಣಿಸುತ್ತಾ ಹೋದರೆ ಎಲ್ಲರೂ ಎಳೆಯರೇ.

ಇವರು ಸತ್ತ ಬಗೆ ತಿಳಿಯಬೇಕಾದದ್ದು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಮತ್ತು ಬುರುಂಡಿಯ ಅಧ್ಯಕ್ಷರಿದ್ದ ವಿಮಾನವನ್ನು ಕಿಗಾಲಿಯಲ್ಲಿ ಇಳಿಯುವ ಹೊತ್ತಿಗೆ ಹೊಡೆದು ಬೀಳಿಸಲಾಯಿತು. ಆಡಳಿತದ ಹೊಣೆ ಪ್ರಧಾನಿಯ ಮೇಲೆ ಬಿತ್ತು. ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನ, ಆ ಹುದ್ದೆಗೇರಿದ ದೇಶದ ಮೊದಲ ಮಹಿಳೆ, ಹಿಂದೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಸ್ವತಃ ಹುಟು. ಬೆಳಿಗ್ಗೆ ರೇಡಿಯೊ ರುವಾಂಡಾಕ್ಕೆ ಹೋಗಿ ದೇಶವನ್ನು ಉದ್ದೇಶಿಸಿ ಮಾತನಾಡಿ ಜನರನ್ನು ಶಾಂತವಾಗಿರಿಸಬೇಕು ಎಂಬುದು ಅವರ ಮತ್ತು ಡಲೇರ್ ಅವರ ಯೋಚನೆ. ಅವರನ್ನು ಕರೆದೊಯ್ಯಲು ಹತ್ತು ಬೆಲ್ಜಿಯನ್ನರು ಬಂದರು, ಮನೆಯ ಕಾವಲಿಗೆ ಐವರು ಘಾನಾ ಸೈನಿಕರಿದ್ದರು. ಅಧ್ಯಕ್ಷರ ಅಂಗರಕ್ಷಕ ದಳ ದಾರಿ ಕಟ್ಟಿತು. ಪ್ರಧಾನಿಯನ್ನೂ ಅವರ ಪತಿಯನ್ನೂ ಕೊಂದರು. ಶಾಂತಿಪಾಲಕರ ಆಯುಧ ಕಿತ್ತುಕೊಂಡು ಈ ಕ್ಯಾಂಪಿಗೆ ತಂದು, ಘಾನಾದವರನ್ನು ಬಿಟ್ಟು ಬೆಲ್ಜಿಯನ್ನರನ್ನೆಲ್ಲ ಕೊಂದರು. ವಿಮಾನ ಉರುಳಿಸಿದ್ದು ಬೆಲ್ಜಿಯನ್ನರೇ ಎಂದು ಆರ್‌ಟಿಎಲ್‌ಎಂ ಅಷ್ಟರಲ್ಲಿ ಸಾರಿಬಿಟ್ಟಿತ್ತು. ಪ್ರಧಾನಿಯ ಐವರು ಮಕ್ಕಳು ಮಾತ್ರ ಉಳಿದರು. ವಿಶ್ವಸಂಸ್ಥೆಯ ಸೆನೆಗಲ್ ಅಧಿಕಾರಿ ಕ್ಯಾಪ್ಟನ್ ಎಂಬಾಯ್ ಡಯಾನ್ ಅವರನ್ನು ಬಚ್ಚಿಟ್ಟು ಪಾರುಮಾಡಿದರು. ಮೇ 31ರಂದು ಶೆಲ್ ದಾಳಿಗೆ ಸಿಕ್ಕಿ ಡಯಾನ್ ಕೂಡ ಸತ್ತರು.

ಬೆಲ್ಜಿಯಂ ತನ್ನ ಪಡೆಯನ್ನು ವಾಪಸು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಸುಮಾರು 2,500 ಜನರ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಪ್ರಧಾನಿ ಕೂರಬೇಕಿದ್ದ ಮೈಕಿನ ಮುಂದೆ ಕೊಲೆಗಾರರ ಸರ್ಕಾರ ಕೂತಿತು. ಆರ್‌ಟಿಎಲ್‌ಎಂ ಮುಂದಿನ ವಾರಗಳಲ್ಲಿ ಬಚ್ಚಿಟ್ಟುಕೊಂಡವರ ಹೆಸರು, ಅಡಗಿರುವ ಜಾಗ, ಅವರ ಕಾರಿನ ನಂಬರು ಓದಿ ಹೇಳುತ್ತಿತ್ತು. ಅದರ ಪ್ರಸಾರಕ್ಕೆ ಅಡ್ಡಿಪಡಿಸಬಲ್ಲ ವಿಮಾನ ಅಮೆರಿಕದ ಬಳಿಯಿತ್ತು. ಗಂಟೆಗೆ ಸುಮಾರು 8,500 ಡಾಲರ್ ಖರ್ಚು, ಕಾನೂನಿನ ತೊಡಕು ಬೇರೆ ಎಂದು ಅಲ್ಲಿನ ರಕ್ಷಣಾ ಇಲಾಖೆ ಮೇ ತಿಂಗಳಲ್ಲಿ ಟಿಪ್ಪಣಿ ಬರೆದು ಕೈಬಿಟ್ಟಿತು. ವಾಕ್ ಸ್ವಾತಂತ್ರ್ಯದ ತತ್ವವನ್ನು ಅವತ್ತು ಆ ರೇಡಿಯೊದ ರಕ್ಷಣೆಗೆ ಬಳಸಿದ್ದು ಇಂದಿಗೂ ಸಿಟ್ಟು ಬರಿಸುತ್ತದೆ.

ಕಿಗಾಲಿಯದೇ ಗಿಸೋಜಿ ಗುಡ್ಡದ ನರಮೇಧ ಸ್ಮಾರಕ 2004ರಲ್ಲಿ ತೆರೆಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ಕಾಂಕ್ರೀಟ್ ಹಾಸುಗಳ ಕೆಳಗೆ ಮಣ್ಣಾಗಿದ್ದಾರೆ. ಒಳಗಿನ ಫಲಕಗಳು ಬೆಲ್ಜಿಯನ್ ಆಳ್ವಿಕೆ ಜನರ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಬರೆಸಿದ್ದರಿಂದ ಆರಂಭವಾಗುತ್ತವೆ. 1994ರಲ್ಲಿ ರಸ್ತೆ ತಡೆಗಳಲ್ಲಿ ಕೊಲ್ಲುವವರು ಕೇಳುತ್ತಿದ್ದುದು ಅದೇ ಚೀಟಿಯನ್ನು. ಮುಂದೆ ‘ಕಂಗುರಾ’ ಪತ್ರಿಕೆಯ ಪುಟಗಳಿವೆ. ಹಸನ್ ಎನ್‌ಗೆಜೆ ಸಂಪಾದಕತ್ವದ ಈ ಪತ್ರಿಕೆ 1990ರ ಡಿಸೆಂಬರ್‌ನಲ್ಲಿ ಹುಟುಗಳಿಗೆಂದು ಹತ್ತು ಕಟ್ಟಳೆಗಳನ್ನು ಅಚ್ಚುಮಾಡಿತ್ತು: ಟುಟ್ಸಿ ಹೆಣ್ಣನ್ನು ಮದುವೆಯಾಗುವ, ಟುಟ್ಸಿಯೊಂದಿಗೆ ವ್ಯಾಪಾರ ಮಾಡುವ ಹುಟು ದ್ರೋಹಿ ಎಂಬಂಥವು.

ಮಹಡಿಯ ಮೇಲೆ ಮಕ್ಕಳ ಕೋಣೆ. ದೊಡ್ಡ ಫೋಟೊಗಳ ಕೆಳಗೆ ಪುಟ್ಟ ಬರಹ: ಇಷ್ಟದ ತಿಂಡಿ, ಇಷ್ಟದ ಆಟ, ಕೊಂದ ಬಗೆ. ಹತ್ತು ವರ್ಷದ ಒಬ್ಬ ಹುಡುಗನಿಗೆ ಫುಟ್‌ಬಾಲ್ ಎಂದರೆ ಪ್ರಾಣ, ವೈದ್ಯನಾಗುವ ಆಸೆ. ವಿಶ್ವಸಂಸ್ಥೆಯ ಪಡೆ ನಮಗಾಗಿ ಬರುತ್ತದೆ ಎಂಬುದು ಅವನ ಕೊನೆಯ ಮಾತು. ಅವನ ಆ ಮಾತಿಗೂ 270 ಎಂಬ ಆ ಸಂಖ್ಯೆಗೂ ನಡುವಿನ ದೂರವನ್ನು ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಕಿಗಾಲಿಯಿಂದ ದಕ್ಷಿಣಕ್ಕೆ ನ್ಯಾಮಾತಾ ಒಂದು ಗಂಟೆಯ ದಾರಿ. ನ್ಯಾಬುಗೊಗೊ ನಿಲ್ದಾಣದಲ್ಲಿ ಬಸ್ಸು ಸಿಗುತ್ತದೆ. ದಾರಿಯಲ್ಲಿ ನ್ಯಾಬರೋಂಗೊ ನದಿ, ಕೆಂಪು ನೀರು, ಎರಡೂ ಬದಿಗೆ ಪಪೈರಸ್ ಜೊಂಡಿನ ಜೌಗು. 1992ರ ನವೆಂಬರ್‌ನಲ್ಲಿ ಲಿಯೋನ್ ಮುಗೆಸೆರಾ ಎಂಬ ರಾಜಕಾರಣಿ ಟುಟ್ಸಿಗಳನ್ನು ಈ ನದಿಯ ಮೂಲಕ ಇಥಿಯೋಪಿಯಕ್ಕೆ ಕಳಿಸಬೇಕೆಂದು ಭಾಷಣ ಮಾಡಿದ. ಒಂದೂವರೆ ವರ್ಷದ ನಂತರ ಹೆಣಗಳು ಇದರಲ್ಲೇ ತೇಲಿ, ವಿಕ್ಟೋರಿಯಾ ಸರೋವರದವರೆಗೂ ಹೋದವು. ಕೆನಡಾಕ್ಕೆ ಓಡಿಹೋಗಿದ್ದ ಮುಗೆಸೆರಾನನ್ನು 2012ರಲ್ಲಿ ಗಡಿಪಾರು ಮಾಡಿ ಕಳಿಸಿದರು. 2016ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ನ್ಯಾಮಾತಾದ ಚರ್ಚು ಇಟ್ಟಿಗೆಯ ಸಾದಾ ಕಟ್ಟಡ. 1994ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಇದರೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದರು. ಗ್ರೆನೇಡ್ ಎಸೆದು ಬಾಗಿಲು ಒಡೆದರು. ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳ ರಾಶಿ, ಕಲೆಯಾದ ಪವಿತ್ರ ಪೀಠದ ವಸ್ತ್ರ, ತಗಡಿನ ಚಾವಣಿಯ ತೂತುಗಳು. ಹಿಂಬದಿಯ ನೆಲಮಾಳಿಗೆಗಳಲ್ಲಿ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ಈ ಆವರಣದಲ್ಲಿ 45 ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳಿವೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಸರಿಯೇ. 2023ರಲ್ಲಿ ಗಿಸೋಜಿ, ಮುರಾಂಬಿ, ಬಿಸೆಸೆರೊಗಳ ಸ್ಮಾರಕಗಳ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬಂದವರಲ್ಲಿ ಹೆಚ್ಚಿನವರು ನೆಲಮಾಳಿಗೆಯಿಂದ ನೇರ ಗೇಟಿಗೆ ನಡೆಯುತ್ತಾರೆ. ಚರ್ಚಿನ ಪಕ್ಕದಲ್ಲೇ ಇರುವ ಒಂದು ಒಂಟಿ ಸಮಾಧಿಯ ಬಳಿ ನಿಲ್ಲಬೇಕು. ಅದು ಇಟಲಿಯ ಅಂಟೋನಿಯಾ ಲೊಕಾಟೆಲ್ಲಿ ಅವರದು. ಇಲ್ಲಿ ಎಷ್ಟೋ ವರ್ಷ ಸೇವೆ ಮಾಡಿಕೊಂಡಿದ್ದ ಅವರು ಸತ್ತದ್ದು ನರಮೇಧದಲ್ಲಲ್ಲ, ಅದಕ್ಕಿಂತ ಎರಡು ವರ್ಷ ಮೊದಲು. 1992ರ ಮಾರ್ಚ್‌ನಲ್ಲಿ ಸರ್ಕಾರಿ ರೇಡಿಯೊ ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಓದಿತು: ಟುಟ್ಸಿಗಳು ಹುಟು ನಾಯಕರನ್ನು ಕೊಲ್ಲಲು ಹೊಂಚುಹಾಕಿದ್ದಾರೆ, ನೈರೋಬಿಯ ಮಾನವ ಹಕ್ಕುಗಳ ಗುಂಪೊಂದು ಎಚ್ಚರಿಸಿದೆ ಎಂದು. ಎಲ್ಲವೂ ಸುಳ್ಳು. ಬುಗೆಸೆರಾ ಪ್ರದೇಶದಲ್ಲಿ ನೂರಾರು ಟುಟ್ಸಿಗಳ ಕೊಲೆ ನಡೆಯಿತು. ಲೊಕಾಟೆಲ್ಲಿ ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೊಗೆ ಫೋನ್ ಮಾಡಿ, ಇದು ಜನ ರೊಚ್ಚಿಗೆದ್ದು ಮಾಡಿದ್ದಲ್ಲ, ಹೊರಗಿನಿಂದ ಕರೆತಂದವರು ಯೋಜನೆ ಹಾಕಿ ಮಾಡಿದ್ದು ಎಂದು ತಿಳಿಸಿದರು. ಆ ಕೂಡಲೇ ಅವರನ್ನು ಗುಂಡಿಟ್ಟು ಕೊಂದರು.

ಸರ್ಕಾರಿ ರೇಡಿಯೊದ ಮೇಲಿನ ಸಂಸ್ಥೆಯ ಮುಖ್ಯಸ್ಥ ಆಗ ಇತಿಹಾಸದ ಪ್ರಾಧ್ಯಾಪಕ ಫರ್ಡಿನಾಂಡ್ ನಹಿಮಾನ. ಗಲಾಟೆಯಾದ ಮೇಲೆ ಅವನನ್ನು ಆ ಹುದ್ದೆಯಿಂದ ತೆಗೆದರು. ಶಿಕ್ಷೆಯೇನೂ ಆಗಲಿಲ್ಲ. ಮುಂದಿನ ವರ್ಷ ಆರ್‌ಟಿಎಲ್‌ಎಂ ಸ್ಥಾಪಿಸಿದವರಲ್ಲಿ ಅವನೂ ಒಬ್ಬ. ಸುಳ್ಳು ಹೇಳಿಕೆ ಓದಿದರೆ ಜನ ಕತ್ತಿ ಹಿಡಿಯುತ್ತಾರೆ, ಸತ್ಯ ಹೇಳುವವರನ್ನು ಕೊಂದರೆ ಯಾರೂ ಕೇಳುವುದಿಲ್ಲ ಎಂಬುದನ್ನು ನ್ಯಾಮಾತಾದಲ್ಲಿ ಪರೀಕ್ಷೆ ಮಾಡಿ ನೋಡಿದಂತಾಗಿತ್ತು.

ನಹಿಮಾನನ ವಿಚಾರಣೆ ನಡೆದದ್ದು, ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ಅದೇ ಅರುಷಾದ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ. ಡರ್ಬನ್‌ನ ತಮಿಳು ಮೂಲದ ನ್ಯಾಯಮೂರ್ತಿ ನವನೀತಂ ಪಿಳ್ಳೈ ಅಧ್ಯಕ್ಷತೆಯ ಪೀಠ 2003ರ ಡಿಸೆಂಬರ್ 3ರಂದು ನಹಿಮಾನ, ಆರ್‌ಟಿಎಲ್‌ಎಂನ ಇನ್ನೊಬ್ಬ ಸ್ಥಾಪಕ ಬರಾಯಗ್ವಿಜಾ, ‘ಕಂಗುರಾ’ದ ಎನ್‌ಗೆಜೆ ಮೂವರನ್ನೂ ತಪ್ಪಿತಸ್ಥರೆಂದು ಸಾರಿತು. ಬಂದೂಕು ಮುಟ್ಟದೆಯೂ ಸಾವಿರಾರು ಜನರ ಸಾವಿಗೆ ಕಾರಣನಾಗಬಹುದು ಎಂಬುದು ತೀರ್ಪಿನ ಸಾರ. ನ್ಯೂರೆಂಬರ್ಗ್ ನಂತರ ಪತ್ರಕರ್ತರನ್ನು ಹೀಗೆ ಹೊಣೆಗಾರರನ್ನಾಗಿಸಿದ್ದು ಅಪರೂಪ. 2007ರಲ್ಲಿ ಮೇಲ್ಮನವಿ ಪೀಠ ಶಿಕ್ಷೆಗಳನ್ನು ಇಳಿಸಿತು. ನಹಿಮಾನನಿಗೆ 30 ವರ್ಷ. ಏಪ್ರಿಲ್ 6ಕ್ಕೆ ಮೊದಲಿನ ಪ್ರಸಾರಗಳು ದ್ವೇಷದ ಮಾತುಗಳೇ ಹೌದು, ಆದರೆ ನರಮೇಧಕ್ಕೆ ನೇರ ಪ್ರಚೋದನೆಯೆಂದು ಸಾಬೀತಾಗಿಲ್ಲ ಎಂದಿತು. ಕಾನೂನಿನ ದೃಷ್ಟಿಯಲ್ಲಿ ಈ ಗೆರೆ ಅಗತ್ಯವೇ. ಗಿಸೋಜಿಯಲ್ಲಿ ‘ಕಂಗುರಾ’ದ ಪುಟಗಳನ್ನು ನೋಡಿ ಬಂದ ಮೇಲೆ ಅದನ್ನು ಒಪ್ಪಿಕೊಳ್ಳಲು ಮನಸ್ಸು ಹೆಣಗುತ್ತದೆ.

ಊರುಗಳಲ್ಲಿ ನ್ಯಾಯ ಕೊಟ್ಟದ್ದು ಗಚಾಚಾ ಎಂಬ ಹುಲ್ಲಿನ ಮೇಲಿನ ಪಂಚಾಯಿತಿಗಳು. 2012ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 12 ಸಾವಿರ ನ್ಯಾಯಾಲಯಗಳು ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಪ್ರಕರಣ ಮುಗಿಸಿದ್ದವು. ಆರ್‌ಪಿಎಫ್ ಸೈನಿಕರು ಮಾಡಿದ ಕೊಲೆಗಳು ಮಾತ್ರ ಅವುಗಳ ಮುಂದೆ ಬರುವಂತಿರಲಿಲ್ಲ.

ರೇಡಿಯೊದಿಂದ ಕೆಟ್ಟದ್ದನ್ನು ರೇಡಿಯೊದಿಂದಲೇ ಸರಿಪಡಿಸುವ ಪ್ರಯತ್ನವೂ ನಡೆದಿದೆ. 2004ರಲ್ಲಿ ಶುರುವಾದ ‘ಮುಸೆಕೆವೆಯಾ’ ಧಾರಾವಾಹಿ ಎರಡು ಊರುಗಳ ಕಥೆ: ಒಂದಕ್ಕೆ ಫಲವತ್ತಾದ ನೆಲ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ, ನಾಯಕರು ದ್ವೇಷ ಬಿತ್ತುತ್ತಾರೆ, ಕೆಲ ಯುವಕರು ಅದನ್ನು ಎದುರಿಸುತ್ತಾರೆ. ಹುಟು, ಟುಟ್ಸಿ ಎಂಬ ಹೆಸರೇ ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲೆವಿ ಪಲಕ್ ಒಂದು ವರ್ಷ ಕೇಳುಗರ ಗುಂಪುಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ಲೇಖನ ಕುತೂಹಲದ್ದು. ಧಾರಾವಾಹಿ ಕೇಳಿದವರ ಒಳಗಿನ ನಂಬಿಕೆ ಹೆಚ್ಚು ಬದಲಾಗಿರಲಿಲ್ಲ. ಬದಲಾದದ್ದು ನಡವಳಿಕೆ: ನಾಲ್ಕು ಜನರ ಎದುರು ಭಿನ್ನಾಭಿಪ್ರಾಯ ಹೇಳಲು ಅವರು ಹಿಂಜರಿಯುತ್ತಿರಲಿಲ್ಲ.

ಇಂದಿನ ಕಿಗಾಲಿಯಲ್ಲಿ ಕಾಣದಿರುವುದು ಇದೇ. ನರಮೇಧದ ಸಿದ್ಧಾಂತವನ್ನು ಹರಡಬಾರದು ಎಂಬ 2008ರ ಕಾನೂನಿನ ಹಿಂದಿನ ಭಯ ನ್ಯಾಯವಾದದ್ದು. ಆದರೆ ಅದರ ಮಾತುಗಳು ಎಷ್ಟು ಸಡಿಲವಾಗಿದ್ದವೆಂದರೆ ಯಾವ ಟೀಕೆಯನ್ನೂ ಅದರೊಳಗೆ ತುರುಕಬಹುದಿತ್ತು. 2010ರ ಜನವರಿಯಲ್ಲಿ ವಿರೋಧ ಪಕ್ಷದ ನಾಯಕಿ ವಿಕ್ಟೊಯಾರ್ ಇಂಗಾಬಿರೆ ಇದೇ ಗಿಸೋಜಿಯಲ್ಲಿ ಹೂವಿಟ್ಟು, ಸತ್ತ ಹುಟುಗಳನ್ನೂ ನೆನೆಯಬೇಕೆಂದರು. ಮುಂದೆ ಅವರಿಗೆ 15 ವರ್ಷ ಜೈಲಾಯಿತು, 2018ರಲ್ಲಿ ಕ್ಷಮಾದಾನ ಸಿಕ್ಕಿತು. ಅದೇ 2010ರಲ್ಲಿ ‘ಉಮುವುಗಿಜಿ’ ಪತ್ರಿಕೆಯ ಉಪಸಂಪಾದಕ ಜಾನ್-ಲಿಯೊನಾರ್ ರುಗಂಬಗೆ ಅವರನ್ನು ಕಿಗಾಲಿಯ ಮನೆಯ ಮುಂದೆ ಗುಂಡಿಟ್ಟು ಕೊಂದರು. 2014ರಲ್ಲಿ ಬಿಬಿಸಿಯ ಕಿನ್ಯಾರುವಾಂಡ ಪ್ರಸಾರ ನಿಂತಿತು. 2023ರ ಜನವರಿಯಲ್ಲಿ, ಬಡವರ ಒಕ್ಕಲೆಬ್ಬಿಸುವಿಕೆ ಮತ್ತು ಕಸ್ಟಡಿಯ ಹಿಂಸೆಯ ಬಗ್ಗೆ ವರದಿ ಮಾಡುತ್ತಿದ್ದ ಜಾನ್ ವಿಲಿಯಮ್ಸ್ ಎನ್‌ಟ್ವಾಲಿ ರಸ್ತೆ ಅಪಘಾತದಲ್ಲಿ ಸತ್ತರೆಂದು ಪೊಲೀಸರು ಹೇಳಿದರು.

ಇವುಗಳನ್ನು 1994ರ ಜೊತೆ ಸಮ ಮಾಡಿ ತೂಗುವುದು ಅನ್ಯಾಯ. ಸತ್ತವರಿಗೆ ಮಾಡುವ ಅವಮಾನವೂ ಹೌದು. ಮುರಿದುಬಿದ್ದ ದೇಶವನ್ನು ಇಂದಿನ ಆರ್‌ಪಿಎಫ್ ಸರ್ಕಾರ ಎತ್ತಿ ನಿಲ್ಲಿಸಿದೆ, ಅದನ್ನು ಬೀದಿಬೀದಿಯಲ್ಲಿ ಕಾಣಬಹುದು. ಹಾಗಿದ್ದೂ ಫೋನಿನಲ್ಲಿ ಸತ್ಯ ಹೇಳಿದ ಲೊಕಾಟೆಲ್ಲಿಯನ್ನೂ, ರೇಡಿಯೊಗೆ ಹೊರಟಿದ್ದ ಪ್ರಧಾನಿಯನ್ನೂ ಗೌರವಿಸುವ ದೇಶ ತನ್ನ ಪತ್ರಕರ್ತರ ಸಾವಿನ ಲೆಕ್ಕ ಕೊಡಬೇಕು. ಎನ್‌ಟ್ವಾಲಿ ಸಾವಿನ ಸ್ವತಂತ್ರ ತನಿಖೆಗೆ ಮಾನವ ಹಕ್ಕು ಸಂಘಟನೆಗಳು ಒತ್ತಾಯಿಸಿದವು. ಅದು ಆಗಬೇಕು, ಅದರ ವರದಿ ಕಿನ್ಯಾರುವಾಂಡದಲ್ಲಿ ಕಿಗಾಲಿಯ ರೇಡಿಯೊಗಳಲ್ಲಿ ಪೂರ್ತಿಯಾಗಿ ಓದಿಸಬೇಕು.