ನಾಸಿಕದ ದ್ರಾಕ್ಷಿಯ ಕಣಿವೆಯಲ್ಲಿ ಎರಡು ದಿನ

ನಾಸಿಕವೆಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಪಂಚವಟಿ, ರಾಮಕುಂಡ, ತ್ರ್ಯಂಬಕೇಶ್ವರ. ಮುಂಬಯಿಯಲ್ಲಿ ನಾಲ್ಕು ದಶಕ ಕಳೆದ ಕನ್ನಡಿಗನು ಒಮ್ಮೆಯಾದರೂ ಅಲ್ಲಿಗೆ ಹೋಗಿ ಗೋದಾವರಿಯಲ್ಲಿ ಮುಳುಗಿ ಬಂದಿರುತ್ತಾನೆ. ಹೋಗದವನು ಹೋಗಬೇಕೆಂದು ಹರಕೆ ಹೊತ್ತಿರುತ್ತಾನೆ. ಆದರೆ ಅದೇ ಗೋದಾವರಿಯ ದಡದಲ್ಲಿ, ಪಟ್ಟಣದಿಂದ ಹತ್ತು ಹದಿನೈದು ಕಿಲೋಮೀಟರು ಪಡುವಣಕ್ಕೆ, ಬೇರೊಂದು ಬಗೆಯ ಯಾತ್ರೆಯೂ ಈಚಿನ ವರ್ಷಗಳಲ್ಲಿ ನಡೆಯುತ್ತಿದೆ. ಶನಿವಾರ ಭಾನುವಾರಗಳಲ್ಲಿ ಮುಂಬಯಿ ಪುಣೆಗಳಿಂದ ದಂಪತಿಗಳು ಬಂದು, ದ್ರಾಕ್ಷಿಯ ತೋಟಗಳಲ್ಲಿ ತಿರುಗಾಡಿ, ಅಲ್ಲಿಯೇ ತಯಾರಾದ ವೈನನ್ನು ಗುಟುಕು ಗುಟುಕಾಗಿ ರುಚಿ ನೋಡಿ ಹಿಂದಿರುಗುತ್ತಾರೆ. ಇಂಥ ಯಾತ್ರೆಗೆ ನಾನು, ಅದೂ ಮನೆಯವಳೊಡನೆ, ಹೋಗಬೇಕಾಗಿ ಬಂದುದು ಹೇಗೆಂಬುದನ್ನು ಮೊದಲು ಹೇಳಬೇಕು.

ನಾನು ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಫೋರ್ಟಿನ ಒಂದು ಹೊಟೇಲಿನಲ್ಲಿ ಮೇಜು ಒರಸಲು ನಿಂತವನು. ರಾತ್ರಿ ಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಗಲ್ಲೆಯಲ್ಲಿ ಕುಳಿತು, ಕೊನೆಗೆ ಲೆಕ್ಕಪತ್ರದ ಗುಮಾಸ್ತನಾಗಿ ನಿವೃತ್ತನಾದೆ. ಮದುವೆಯಾಗಿ 33 ವರ್ಷಗಳಾದುವು. ಈ ಅವಧಿಯಲ್ಲಿ ನಾವಿಬ್ಬರೂ ಊರಿಗೆ ಹೋಗಿದ್ದೇವೆ, ಧರ್ಮಸ್ಥಳಕ್ಕೆ ಹೋಗಿದ್ದೇವೆ, ಮದುವೆಗೂ ಬೊಜ್ಜಕ್ಕೂ ಹೋಗಿದ್ದೇವೆ. ಯಾವ ಕಾರಣವೂ ಇಲ್ಲದೆ ಸುಮ್ಮನೆ ಹೋಗಿ ಸುಮ್ಮನೆ ಬಂದುದು ಒಮ್ಮೆಯೂ ಇಲ್ಲ. ಇದನ್ನು ಕಂಡ ನಮ್ಮ ಮಗಳು ತನ್ನ ಸಂಬಳದ ಹಣದಿಂದ ನಾಸಿಕದಲ್ಲಿ ಎರಡು ದಿನಗಳ ವಾಸಕ್ಕೂ, ಒಂದು ತೋಟದ ವೈನ್ ರುಚಿ ನೋಡುವುದಕ್ಕೂ ಮುಂಗಡ ಕಟ್ಟಿ, ರಸೀದಿಯನ್ನು ನಮ್ಮ ಕೈಗೆ ಕೊಟ್ಟಳು.

ಮನೆಯವಳು ಕೆಂಡವಾದಳು. "ಅಲ್ಲ ಮಾರಾಯ್ರೆ, ಕ್ಷೇತ್ರಕ್ಕೆ ಹೋಗಿ ಶರಾಬು ಕುಡಿದು ಬಂದೆವೆಂದು ಊರಿನಲ್ಲಿ ಹೇಳುವುದೆ? ಅವಳಿಗೆ ಬುದ್ಧಿಯಿಲ್ಲ, ನಿಮಗೂ ಇಲ್ಲವೆ?" ಎಂದಳು.

ಆ ಮಾತಿನ ಹಿಂದೆ ಬರಿಯ ಮಡಿವಂತಿಕೆ ಇರಲಿಲ್ಲ. ಅವಳ ಅಣ್ಣನೂ ನನ್ನಂತೆಯೇ ಹೊಟೇಲಿನ ಕೆಲಸಕ್ಕೆ ಬಂದವನು. ಕೈಬಾಯಿ ಶುದ್ಧವಾಗಿದ್ದ ಒಳ್ಳೆಯ ಭಟ್ಟಿ. ಅವನು ಹೊಯ್ದ ದೋಸೆಗಾಗಿ ಗಿರಾಕಿಗಳು ಸಾಲು ನಿಲ್ಲುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚಿದ ಬಳಿಕ, ಹದಿನೈದು ಗಂಟೆ ಒಲೆಯ ಮುಂದೆ ನಿಂತ ಮೈನೋವು ಮರೆಯಲೆಂದು ದೇಶೀ ದಾರುವಿನ ಅಂಗಡಿಗೆ ಹೋಗತೊಡಗಿದವನು, ತನ್ನ 38ನೆಯ ವಯಸ್ಸಿನಲ್ಲಿ ಪಿತ್ತಕೋಶ ಕೆಟ್ಟು ತೀರಿಕೊಂಡ. ಆ ಬಳಿಕ ನಮ್ಮ ಮನೆಯೊಳಗೆ ಮದ್ಯದ ವಾಸನೆ ಸುಳಿದಿಲ್ಲ. ವೈದ್ಯರು ಬರೆದುಕೊಟ್ಟ ದ್ರಾಕ್ಷಾಸವವನ್ನು ಕೂಡ, ಹುಳಿಯಿಸಿ ಮಾಡಿದ್ದೆಂದು ತಿಳಿದೊಡನೆ, ಅವಳು ಹಿಂದಕ್ಕೆ ಕಳುಹಿದವಳು.

ಮೊದಲು ರಾಮಕುಂಡ, ಆಮೇಲೆ ತೋಟ; ತೋಟದಲ್ಲಿ ಗಿಡಗಳನ್ನು ಮಾತ್ರ ನೋಡುವುದು ಎಂದು ಒಪ್ಪಂದವಾಯಿತು. ಕಟ್ಟಿದ ಹಣ ದಂಡವಾಗುವುದೆಂಬ ವಿಚಾರವೂ ಅವಳ ಮನಸ್ಸನ್ನು ಸ್ವಲ್ಪ ಮೆದುಗೊಳಿಸಿರಬೇಕು.

ಬೆಳಗಿನ ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಕಸಾರಾದಲ್ಲಿ ರೈಲಿನ ಬೆನ್ನಿಗೆ ಬೇರೆ ಇಂಜಿನುಗಳನ್ನು ಜೋಡಿಸುತ್ತಾರೆ. ಅಲ್ಲಿಂದ ಇಗತಪುರಿಯವರೆಗೆ 37 ಅಡಿಗೆ ಒಂದು ಅಡಿಯಂತೆ ಏರುವ ಥಳ ಘಾಟವನ್ನು ಮುಂದಿನ ಇಂಜಿನೊಂದೇ ಎಳೆಯಲಾರದು. ಹಿಂದಿನಿಂದ ನೂಕುವವರು ಬೇಕು. ಘಾಟ ದಾಟಿದೊಡನೆ ಕೊಂಕಣದ ಬೆವರು ಆರಿ, ಒಣ ಗಾಳಿ ಮುಖಕ್ಕೆ ಬಡಿಯುತ್ತದೆ. ನಾಸಿಕವು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಹಗಲು ಬಿಸಿಲು, ರಾತ್ರಿ ಚಳಿ. ದ್ರಾಕ್ಷಿಗೆ ಇದೇ ಬೇಕಾದುದು.

ಮೊದಲ ದಿನ ಅವಳದು. ರಾಮಕುಂಡದ ಸ್ನಾನ, ಸೀತಾಗುಂಫಾ, ಕಾಳಾರಾಮನ ದರ್ಶನ. ಕಾಳಾರಾಮನ ಗುಡಿಯ ಬಾಗಿಲಲ್ಲಿಯೇ 1930ರಲ್ಲಿ ಅಂಬೇಡಕರರು ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದುದು. ಕರಿಕಲ್ಲಿನ ಆ ಗೋಡೆಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಕತ್ತಲಾಗುವ ವೇಳೆಗೆ ವಸತಿಗೆ ಮರಳಿದೆವು.

ಎರಡನೆಯ ದಿನ ಬೆಳಗ್ಗೆ ರಿಕ್ಷಾದಲ್ಲಿ ಗಂಗಾಪುರ ರಸ್ತೆ ಹಿಡಿದು ಹೊರಟೆವು. ಪಟ್ಟಣ ಹಿಂದಾಗುತ್ತಲೆ ಎರಡೂ ಕಡೆ ಬೆಟ್ಟಗಳು ಎದ್ದು ನಿಂತುವು. ನಮ್ಮ ಕಡೆಯ ಘಟ್ಟದಂತೆ ಇವು ಹಸುರು ಹೊದ್ದವಲ್ಲ. ತಲೆಯನ್ನು ಗರಗಸದಿಂದ ಕೊಯ್ದಂತೆ ಚಪ್ಪಟೆಯಾದ, ಬೂದುಬಣ್ಣದ ಸಹ್ಯಾದ್ರಿ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿದ ಗೋದಾವರಿಯು, ಬಂಗಾಳ ಉಪಸಾಗರದವರೆಗಿನ ತನ್ನ 1465 ಕಿಲೋಮೀಟರುಗಳ ಪಯಣದಲ್ಲಿ ಮೊತ್ತಮೊದಲು ತಂಗುವುದು ಇಲ್ಲಿನ ಮಣ್ಣಿನ ಅಣೆಕಟ್ಟಿನ ಹಿಂದೆ. 1965ರಲ್ಲಿ ಪೂರ್ಣಗೊಂಡ ಗಂಗಾಪುರ ಅಣೆಕಟ್ಟದು. ಅದರ ಹಿನ್ನೀರು ಬೆಳಗಿನ ಬಿಸಿಲಿನಲ್ಲಿ ತವರದ ತಗಡಿನಂತೆ ಹೊಳೆಯುತ್ತಿತ್ತು. ನೀರಿನ ಅಂಚಿನಿಂದ ಗುಡ್ಡದ ಬುಡದವರೆಗೆ, ಬಾಚಣಿಗೆಯಿಂದ ಬಾಚಿದಂತೆ ದ್ರಾಕ್ಷಿಯ ಸಾಲುಗಳು. ಮನೆಯವಳು ರಿಕ್ಷಾ ನಿಲ್ಲಿಸಲು ಹೇಳಿ, ಕೆಳಗಿಳಿದು ನಿಂತು ನೋಡಿದಳು. ಏನೂ ಮಾತನಾಡಲಿಲ್ಲ.

ಈ ತೋಟಗಳ ಚರಿತ್ರೆ ದೀರ್ಘವಾದುದಲ್ಲ. ತಿನ್ನುವ ದ್ರಾಕ್ಷಿಯನ್ನು ನಾಸಿಕದ ರೈತರು ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. ದ್ರಾಕ್ಷಿಯ ಮದ್ಯವೂ ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಅದನ್ನು "ಮಧು"ವೆಂದು ಹೆಸರಿಸಿದೆ. ಆದರೆ ಈ ಕಣಿವೆಯಲ್ಲಿ ವೈನಿಗೆಂದೇ ದ್ರಾಕ್ಷಿ ನೆಟ್ಟುದು ಈಚೆಗೆ. ಅಮೇರಿಕೆಯಲ್ಲಿ ಉದ್ಯೋಗದಲ್ಲಿದ್ದ ರಾಜೀವ ಸಾಮಂತ ಎಂಬವರು ಹಿಂದಿರುಗಿ, ಮನೆತನದ ಜಮೀನಿನಲ್ಲಿ 1997ರಲ್ಲಿ ಬಳ್ಳಿಗಳನ್ನು ನೆಡಿಸಿದರು. 2000ದಲ್ಲಿ ಅವರ 'ಸುಲಾ'ದ ಮೊದಲ ಸೀಸೆಗಳು ಹೊರಬಂದುವು. 1949ರ ಪಾನನಿರೋಧ ಕಾನೂನನ್ನು ಇನ್ನೂ ಪುಸ್ತಕದಲ್ಲಿ ಉಳಿಸಿಕೊಂಡಿರುವ ಸರಕಾರವೇ 2001ರಲ್ಲಿ ವೈನ್ ತಯಾರಿಕೆಗೆ ಪ್ರೋತ್ಸಾಹ ನೀಡುವ ಧೋರಣೆಯನ್ನು ಹೊರಡಿಸಿ, ವಿಂಚೂರಿನಲ್ಲಿಯೂ ಸಾಂಗಲಿಯ ಪಲೂಸಿನಲ್ಲಿಯೂ ಅದಕ್ಕೆಂದೇ ಜಾಗ ಗೊತ್ತುಮಾಡಿತು. ಸರಕಾರಗಳ ನೀತಿಯೆಂದರೆ ಹೀಗೆಯೆ! ನಮ್ಮ ಕರ್ನಾಟಕದಲ್ಲಿ, ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ಮನೆತನದವರು ಇದಕ್ಕೂ ಮೊದಲೇ ಈ ಕೆಲಸಕ್ಕೆ ಕೈಹಾಕಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಎಲ್ಲವೂ ಲಾಭದ ಕಥೆಯಲ್ಲ. ವೈನ್ ದ್ರಾಕ್ಷಿಗೆ ಒಳ್ಳೆಯ ಬೆಲೆ ಬರುವುದೆಂದು ನಂಬಿ ಅನೇಕ ರೈತರು ಬ್ಯಾಂಕಿನ ಸಾಲ ಮಾಡಿ ಹಳೆಯ ಬೆಳೆ ಕಿತ್ತು ಹೊಸದನ್ನು ನೆಟ್ಟರು. 2008ರಲ್ಲಿ ಜಗತ್ತಿನ ಹಣದ ಮಾರುಕಟ್ಟೆ ಕುಸಿಯಿತು. ಅದೇ ನವೆಂಬರಿನಲ್ಲಿ ಮುಂಬಯಿಯ ದೊಡ್ಡ ಹೊಟೇಲುಗಳ ಮೇಲೆ ಉಗ್ರರ ದಾಳಿಯಾಯಿತು. ವೈನ್ ಕೊಳ್ಳುವವರಿಲ್ಲದೆ ಹಣ್ಣು ಉಳಿಯಿತು. ಹಲವರು ಬಳ್ಳಿಗಳನ್ನು ಬುಡಸಹಿತ ಕಿತ್ತೆಸೆದರು. ತಿನ್ನುವ ದ್ರಾಕ್ಷಿಯಾದರೆ ಸಂತೆಗೆ ಒಯ್ಯಬಹುದು. ಬೀಜ ತುಂಬಿದ, ದಪ್ಪ ಸಿಪ್ಪೆಯ ಈ ಸಣ್ಣ ಹಣ್ಣನ್ನು ಸಂತೆಯಲ್ಲಿ ಯಾರು ಕೇಳುತ್ತಾರೆ?

ನಾವು ತಲುಪಿದಾಗ ಕೊಯ್ಲು ಮುಗಿಯುತ್ತ ಬಂದಿತ್ತು. ಬಿಸಿಲೇರಿದರೆ ಹಣ್ಣಿನ ಪರಿಮಳ ಕೆಡುವುದರಿಂದ ನಸುಕಿನಲ್ಲಿಯೇ ಕೊಯ್ಯುತ್ತಾರೆ. ಇಲ್ಲಿಯ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ರೆಯಿಲ್ಲ. ಆದುದರಿಂದ ವರ್ಷಕ್ಕೆರಡು ಬಾರಿ ಸವರುತ್ತಾರೆ. ಬೇಸಗೆಯದು ಬಳ್ಳಿಯ ಮೈ ಬೆಳೆಯಲು. ಮಳೆಗಾಲ ಕಳೆಯುವ ಹೊತ್ತಿನದು ಹಣ್ಣಿಗಾಗಿ. ಹಾಗಾಗಿ ಕೊಯ್ಲು ಜನವರಿಯಿಂದ ಮಾರ್ಚಿನವರೆಗೆ. ಕೊಯ್ಯುವವರಲ್ಲಿ ಹೆಚ್ಚಿನವರು ಪೇಠ, ಸುರಗಾಣಾ ತಾಲೂಕುಗಳಿಂದ ಕೂಲಿಗೆ ಬಂದ ಆದಿವಾಸಿಗಳು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರೆಂದರೆ ನಮಗೆ ಬೇಗ ಗುರುತು ಸಿಗುತ್ತದೆ. ಮನೆಯವಳು ತನ್ನ ಚಾಳಿನ ಮರಾಠಿಯಲ್ಲಿ ಒಬ್ಬ ಹೆಂಗಸನ್ನು ಮಾತನಾಡಿಸಿ, ಈ ರಸವನ್ನು ನೀನು ಕುಡಿದಿದ್ದೀಯಾ ಎಂದು ಕೇಳಿದಳು. ಆಕೆ ನಕ್ಕು, "ಹಣ್ಣು ತಿಂದಿದ್ದೇನೆ, ಸೀಸೆ ನೋಡಿದ್ದೇನೆ" ಎಂದು ಹೇಳಿ, ಒಂದು ಗೊಂಚಲನ್ನು ಇವಳ ಕೈಯಲ್ಲಿಟ್ಟಳು. ಸಕ್ಕರೆಯಂತೆ ಸಿಹಿ. ಹುಳಿ ಹಣ್ಣಿನಿಂದ ವೈನ್ ಮಾಡುತ್ತಾರೆಂಬ ನನ್ನ ತಿಳಿವಳಿಕೆ ಅಲ್ಲಿಗೆ ಸುಳ್ಳಾಯಿತು. ಹಣ್ಣಿನಲ್ಲಿರುವ ಸಕ್ಕರೆಯನ್ನೇ ಕಿಣ್ವವು ತಿಂದು ಮದ್ಯಸಾರವನ್ನಾಗಿಸುವುದು.

ಒಳಗೆ ತೋರಿಸಲು ಬಂದ ತರುಣನು ಬಿಳಿಯ ವೈನಿಗೂ ಕೆಂಪು ವೈನಿಗೂ ಇರುವ ವ್ಯತ್ಯಾಸವನ್ನು ಹೇಳಿದ. ಕರಿಯ ದ್ರಾಕ್ಷಿಯನ್ನು ಹಿಂಡಿದರೂ ರಸ ಬಣ್ಣವಿಲ್ಲದ್ದೇ, ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆಯನ್ನು ಬೇರ್ಪಡಿಸಿ ರಸವನ್ನಷ್ಟೆ ಹುಳಿಯಿಸಿದರೆ ಬಿಳಿಯದು, ಸಿಪ್ಪೆಯೊಡನೆಯೇ ಹುಳಿಯಿಸಿದರೆ ಕೆಂಪು. ಎರಡಾಳೆತ್ತರದ ಉಕ್ಕಿನ ಕೊಪ್ಪರಿಗೆಗಳ ಸುತ್ತ ತಣ್ಣೀರು ಹರಿಯುತ್ತಿತ್ತು. ಹುಳಿಯುವಾಗ ಏಳುವ ಬಿಸಿ ಹೆಚ್ಚಾದರೆ ಪರಿಮಳ ಹಾರಿಹೋಗುವುದು. "ದೋಸೆ ಹಿಟ್ಟೂ ಮೇ ತಿಂಗಳಲ್ಲಿ ಹೀಗೆಯೇ ಕೈಕೊಡುವುದು" ಎಂದಳು ಮನೆಯವಳು. ಆ ತರುಣನಿಗೆ ಇದನ್ನು ಅನುವಾದಿಸಿ ಹೇಳಿದಾಗ ಅವನು ಗಟ್ಟಿಯಾಗಿ ನಕ್ಕು, ಎರಡೂ ಒಂದೇ ಶಾಸ್ತ್ರವೆಂದು ಒಪ್ಪಿಕೊಂಡ. ಮುಂದಿನ ಕೋಣೆಯಲ್ಲಿ ಫ್ರಾನ್ಸಿನ ಓಕ್ ಮರದ ಪೀಪಾಯಿಗಳು, ಒಂದೊಂದೂ 225 ಲೀಟರಿನವು, ಸಾಲಾಗಿ ಮಲಗಿದ್ದುವು. ಅಲ್ಲಿ ದೇವರ ಕೋಣೆಯ ತಂಪು.

ಆ ಬಳಿಕ ಹಿನ್ನೀರಿಗೆ ಎದುರಾಗಿದ್ದ ಜಗಲಿಯಲ್ಲಿ ನಮ್ಮನ್ನು ಕೂರಿಸಿದರು. ಬಿಳಿಯ ಬಟ್ಟೆ ಹಾಸಿದ ಮೇಜು, ಐದು ಗ್ಲಾಸುಗಳು. ಬಡಿಸುವ ಹುಡುಗನು ಬಂದು ನಿಂತಾಗ ನಾನು ಅರಿವಿಲ್ಲದೆ ಎದ್ದುನಿಂತೆ. ಮೇಜಿನ ಈಚೆ ಕಡೆ ಕುಳಿತು ಅಭ್ಯಾಸವಿಲ್ಲದ ಮೈ. ಹುಡುಗನು, "ಕೂತ್ಕೊಳ್ಳಿ ಕಾಕಾ" ಎಂದು ಮರಾಠಿಯಲ್ಲಿ ಹೇಳಿದ.

ರುಚಿ ನೋಡುವುದೆಂದರೆ ಕುಡಿಯುವುದಲ್ಲ ಎಂಬುದು ಅಲ್ಲಿ ನನಗೆ ತಿಳಿದುಬಂತು. ಗ್ಲಾಸಿನ ತಳದಲ್ಲಿ ನಾಲ್ಕು ಚಮಚೆಯಷ್ಟು ಹೊಯ್ಯುತ್ತಾರೆ. ಬಿಳಿಯ ಬಟ್ಟೆಗೆದುರು ಹಿಡಿದು ಬಣ್ಣ ನೋಡಬೇಕು. ಗ್ಲಾಸನ್ನು ಸುತ್ತಿಸಿ ಮೂಸಬೇಕು. ಒಂದು ಗುಟುಕನ್ನು ಬಾಯಲ್ಲಿಟ್ಟು ನಾಲಗೆಯ ಮೇಲೆ ಹೊರಳಿಸಬೇಕು. ಬಳಿಕ ಬೇಕಾದರೆ ನುಂಗಬಹುದು, ಬೇಡವಾದರೆ ಪಕ್ಕದ ಪಾತ್ರೆಗೆ ಉಗುಳಬಹುದು. ಇದನ್ನೇ ವೃತ್ತಿಯಾಗಿ ಮಾಡುವವರು ಉಗುಳಿಯೇ ಬಿಡುತ್ತಾರಂತೆ. ನಮ್ಮ ಹೊಟೇಲಿನ ಹಳೆಯ ಧಣಿಗಳು ಮುಂಜಾನೆ ಡಿಕಾಕ್ಷನ್ನನ್ನು ಮೂಸಿ, ಒಂದು ಹನಿ ನಾಲಗೆಗಿಟ್ಟು, "ಇದು ನಿನ್ನೆಯ ಪುಡಿ" ಎಂದು ಹಿಡಿದುಬಿಡುತ್ತಿದ್ದುದು ನೆನಪಾಯಿತು.

ನಾನು ಮೂಸಿದೆ. ನನಗೆ ಎಲ್ಲವೂ ಒಂದೇ ವಾಸನೆ. ಮನೆಯವಳು ಮುಖ ತಿರುಗಿಸಿ ನೀರನ್ನು ನೋಡುತ್ತ ಕುಳಿತಿದ್ದವಳು, ನನ್ನ ಪೇಚಾಟವನ್ನು ಸಹಿಸಲಾರದೆ, "ಕೊಡಿ ಇಲ್ಲಿ, ಮೂಸಿದರೆ ಮೈಲಿಗೆಯಲ್ಲ" ಎಂದು ಗ್ಲಾಸನ್ನು ತೆಗೆದುಕೊಂಡಳು. ಸೊವಿಞೋಂ ಬ್ಲಾಂ ಎಂಬ ಬಿಳಿಯ ವೈನ್ ಅದು. ಒಂದು ಕ್ಷಣ ಕಣ್ಣು ಮುಚ್ಚಿದಳು. "ಹಸಿ ದೊಣ್ಣೆಮೆಣಸು ಹೆಚ್ಚಿದ ವಾಸನೆ" ಎಂದಳು. ಹುಡುಗನು ಬೆರಗಾಗಿ ನೋಡಿದ. ದೊಣ್ಣೆಮೆಣಸಿನಲ್ಲಿ ಆ ಹಸಿ ವಾಸನೆಗೆ ಕಾರಣವಾದ ವಸ್ತುವೇ ಈ ದ್ರಾಕ್ಷಿಯಲ್ಲಿಯೂ ಇದೆ. ಆಮೇಲೆ ಶಿರಾಜ್ ಎಂಬ ಕೆಂಪು. ಅದನ್ನು ಅವಳು ಎರಡು ಬಾರಿ ಮೂಸಿ, ಗ್ಲಾಸನ್ನು ಕೆಳಗಿಟ್ಟು, "ಒಳ್ಳೆಮೆಣಸು. ನಮ್ಮ ಮನೆಯ ಅಂಗಳದಲ್ಲಿ ಒಣಗಹಾಕಿದಾಗ ಬರುತ್ತಿತ್ತಲ್ಲ, ಅದೇ" ಎಂದಳು. ಇದೂ ಬರಿಯ ಉಪಮೆಯಲ್ಲ. ಒಳ್ಳೆಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ದ್ರವ್ಯವು ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇರುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಅವರು ಯಂತ್ರಗಳಿಂದ ಹಿಡಿದುದನ್ನು, ಅಡಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮನೆಯಲ್ಲಿ ಬೆಳೆದವಳು ಮೂಗಿನಿಂದಲೇ ಹಿಡಿದಳು. ಅಡುಗೆಯವನ ತಂಗಿಯಲ್ಲವೆ!

ಐದೂ ಗ್ಲಾಸುಗಳನ್ನು ಅವಳೇ ಮೂಸಿ ಹೇಳಿದಳು. ಒಂದು ಹನಿಯನ್ನೂ ತುಟಿಗೆ ತಾಗಿಸಲಿಲ್ಲ. ನಾನು ಎರಡನ್ನು ನುಂಗಿದೆ, ಮೂರನ್ನು ಉಗುಳಿದೆ. ಕೊನೆಯದು, ತಡವಾಗಿ ಕೊಯ್ದ ಶೆನಿನ್ ಬ್ಲಾಂ ದ್ರಾಕ್ಷಿಯ ಸಿಹಿ ವೈನ್, ನನಗೆ ನಿಜವಾಗಿ ಹಿಡಿಸಿತು. ಉಳಿದವು ಸತ್ಯ ಹೇಳುವುದಾದರೆ ಹುಣಿಸೆಯ ನೀರಿನ ನೆಂಟರು.

ಹುಡುಗನು ಉಗುಳಿದ ಪಾತ್ರೆಯನ್ನು ಎತ್ತಿಕೊಂಡು ಹೋದ ಮೇಲೆ ಮನೆಯವಳು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, "ಅಣ್ಣನಿಗೆ ಮೂಗು ನನಗಿಂತ ಚುರುಕು. ಸಾರು ಕುದಿಯುವಾಗ ಉಪ್ಪು ಕಡಮೆಯೆಂದು ಬಾಗಿಲಿನಿಂದಲೇ ಹೇಳುತ್ತಿದ್ದ" ಎಂದಳು. ಇನ್ನೂ ಸ್ವಲ್ಪ ತಡೆದು, "ಅವನು ಕುಡಿದದ್ದರಲ್ಲಿ ಮೂಸಲಿಕ್ಕೆ ಏನೂ ಇರಲಿಲ್ಲ ಅಲ್ಲವೆ?" ಎಂದು ಕೇಳಿದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಅಣ್ಣನ ಕುಡಿತದ ಮಾತನ್ನು ತಾನಾಗಿ ಎತ್ತಿದುದು ಅದೇ ಮೊದಲು. ಇರಲಿಲ್ಲವೆಂದು ನಾನು ಹೇಳಿದೆ. ಹಿನ್ನೀರಿನ ಮೇಲೆ ಬೆಳ್ಳಕ್ಕಿಗಳು ಹಾರುತ್ತಿದ್ದುವು.

ಹೋಗಬಯಸುವವರಿಗೆ ಎರಡು ಮಾತು. ಜನವರಿಯಿಂದ ಮಾರ್ಚಿನೊಳಗೆ ಹೋದರೆ ಕೊಯ್ಲು ಕಾಣಸಿಗುವುದು. ಶನಿವಾರ ಭಾನುವಾರಗಳ ನೂಕುನುಗ್ಗಲು ಬೇಡವೆಂದಾದರೆ ವಾರದ ನಡುವೆ ರಜೆ ಹಾಕಬೇಕು. 21 ವರ್ಷ ತುಂಬದವರಿಗೆ ವೈನ್ ಕೊಡುವುದಿಲ್ಲ. ಗಾಂಧಿ ಜಯಂತಿಯಂಥ ಪಾನನಿಷೇಧದ ದಿನಗಳಲ್ಲಿ ಯಾರಿಗೂ ಇಲ್ಲ. ಸ್ವಂತ ವಾಹನದಲ್ಲಿ ಹೋಗುವವರು ರುಚಿ ನೋಡದ ಒಬ್ಬನನ್ನು ಚಕ್ರದ ಮುಂದೆ ಕೂರಿಸತಕ್ಕದ್ದು. ಒಂದು ಸೀಸೆಯ ಬೆಲೆಯಿಂದ ನಮ್ಮಂಥವರ ಮನೆಯಲ್ಲಿ ಹಲವು ದಿನಗಳ ತರಕಾರಿ ಬರುತ್ತದೆಂಬುದನ್ನೂ ಮೊದಲೇ ತಿಳಿದಿರುವುದು ಲೇಸು. ನಾವು ಸೀಸೆ ಕೊಳ್ಳಲಿಲ್ಲ. ಪೇಟೆಯಲ್ಲಿ ಒಂದು ಕಿಲೋ ಒಣದ್ರಾಕ್ಷಿ ಕೊಂಡೆವು.

ಸಂಜೆ ನಾಸಿಕದಲ್ಲಿ ನಮ್ಮ ಕಡೆಯವರದೇ ಒಂದು ಹೊಟೇಲಿಗೆ ಹೋದೆವು. ಸಾಂಬಾರಿನ ಬಟ್ಟಲು ಮೇಜಿಗೆ ಬಂದೊಡನೆ ಮನೆಯವಳು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಮೆಲ್ಲನೆ ಸುತ್ತಿಸಿ, ಮೂಸಿ, "ಮಧ್ಯಾಹ್ನದ್ದು" ಎಂದಳು. ಗಲ್ಲೆಯಲ್ಲಿದ್ದ ಯಜಮಾನರು ಕೇಳಿಸಿಕೊಂಡು ಒಳಗೆ ಹೋಗಿ, ಹೊಸ ಸಾಂಬಾರನ್ನು ತಾವೇ ತಂದಿಟ್ಟರು.